ಹೊಸ್ತಿಲು ಬಿಡದ ಮೈದುನ

ಮಕ್ಕಳೇ, ನಿಮ್ಮ ಸಣ್ಣ ಮುತ್ಯಾ, ಅಂದರೆ ನಿಮ್ಮ ಅಜ್ಜನ ತಮ್ಮ, ಹುಟ್ಟಿದಾಗಿನಿಂದ ಯಾರಿಗೂ ದಾರಿ ಬಿಟ್ಟವನಲ್ಲ. ಭಾರತ ತಂಡದಲ್ಲಿ ಹಾಕಿ ಆಡಿದ, ದೇಶ ದೇಶ ಸುತ್ತಿದ ಎಂದು ನೀವು ಗೆಳೆಯರ ಮುಂದೆ ಹೇಳಿಕೊಳ್ಳುತ್ತೀರಿ. ಸರಿಯೇ. ಆದರೆ ಆ ಡಿಫೆಂಡರ್ ಮೊಟ್ಟಮೊದಲು ತಡೆದದ್ದು ಯಾವ ದೇಶದವರನ್ನೂ ಅಲ್ಲ. ನನ್ನನ್ನು!

ಡಾಬಕಾದಿಂದ ಮದುವೆಯಾಗಿ ನಾನು ಭಾಲ್ಕಿಯ ಈ ಮನೆಗೆ ಬಂದ ದಿನ ಅದು. ಹೊಸ ಸೊಸೆ ಒಳಗೆ ಕಾಲಿಡುವ ಮೊದಲು ಗಂಡನ ತಂಗಿ ಬಾಗಿಲು ತಡೆದು, ಗಂಡನ ಹೆಸರನ್ನು ಪ್ರಾಸದ ಒಡಪು ಕಟ್ಟಿ ಹೇಳು ಅನ್ನುವುದು ಪದ್ಧತಿ. ನಿಮ್ಮ ಮುತ್ಯಾನಿಗೆ ತಂಗಿಯರಿರಲಿಲ್ಲ, ಹನ್ನೊಂದು ವರ್ಷದ ತಮ್ಮನಿದ್ದ. ಅವನು ತಾನೇ ಕೆತ್ತಿಕೊಂಡಿದ್ದ ಹಾಕಿ ಬಡಿಗೆಯನ್ನು ಅಡ್ಡ ಹಿಡಿದು, ಮೊಣಕಾಲು ಬಗ್ಗಿಸಿ ಹೊಸ್ತಿಲಿನಲ್ಲಿ ನಿಂತುಬಿಟ್ಟ. ನನಗೋ ನಾಲ್ಕು ಜನರ ಮುಂದೆ ಸ್ವಂತ ಹೆಸರು ಹೇಳಲೂ ಬಾಯಿ ಬಾರದು. (ಅದಕ್ಕೇ ಈಗಲೂ ಹೇಳುವ ಬದಲು ಬರೆಯುತ್ತಿದ್ದೇನೆ.) ಅವ್ವ ಕಲಿಸಿದ ಒಡಪು ‘ಬೆಳ್ಳಿಯ ಬಟ್ಟಲಾಗ’ ಅನ್ನುವಲ್ಲಿಗೆ ನಿಂತಿತು. ಆರತಿ ಹಿಡಿದ ಅತ್ತೆಯ ಕೈ ಸೋತಿತು. ಹಿಂದೆ ನಿಂತ ಬೀಗರಿಗೆ ಹಸಿವು. ಮಾವ ಗದರಿಸಿದರು. ಅವನು ಅಲುಗಲಿಲ್ಲ. ಕೊನೆಗೆ ನಾನೇ ಸೆರಗಿನೊಳಗಿಂದ, ನಾಳೆ ಹೇಳುತ್ತೇನೆ ಎಂದೆ.

"ನಾಳೆ ಅಂದ್ರ ನಾಳೇ, ವೈನಿ. ನಾ ಮರಿಯಂಗಿಲ್ಲರಿ."

ಆ ನಾಳೆ ಬರಲಿಲ್ಲ. ಅವನು ಮರೆಯಲೂ ಇಲ್ಲ.

ಮುಂದೆ ಬೀದರಿನ ಮೈದಾನಕ್ಕೆ ಆಡಲು ಹೋದ. ಅಲ್ಲಿಯ ಕೆಂಪು ಮಣ್ಣು ಅವನ ಚಡ್ಡಿಯಿಂದ ನನ್ನ ಬಕೆಟ್ಟಿಗೆ ಬಂತು. ಬಸ್ಸಿನಲ್ಲಿ ಹೋದರೂ ಬಾಗಿಲಲ್ಲೇ ನಿಲ್ಲುವ ಚಾಳಿ. ಒಮ್ಮೆ ಜನವಾಡದಲ್ಲಿ ಇಳಿಯಬೇಕಾದ ಮುದುಕಿಯೊಬ್ಬಳು ಇವನನ್ನು ದಾಟಲಾಗದೆ ದೂರದ ಔರಾದ ನೋಡಿಕೊಂಡು ಬಂದಳಂತೆ! ಭಾರತ ತಂಡಕ್ಕೆ ಆಯ್ಕೆಯಾದ ಮೇಲೆ ಮಾವ ದಿನಾ ಪೇಪರು ತರಿಸಿ ಅವನ ಹೆಸರು ಹುಡುಕುತ್ತಿದ್ದರು. ಗೋಲು ಹೊಡೆದವರ ಹೆಸರೇ ಇರುತ್ತಿತ್ತು, ತಡೆದವರದು ಎಲ್ಲಿ ಬರಬೇಕು? "ನನ್ನ ಹೆಸರು ಬಂದಿಲ್ಲಂದ್ರ ಆಟ ಛಲೋ ಆಗ್ಯಾದ ಅಂತ ತಿಳೀರಿ," ಎಂದು ಅವನು ಸಮಾಧಾನ ಹೇಳಿದ. ಅಂದಿನಿಂದ ಪೇಪರಿನಲ್ಲಿ ಮಗನ ಹೆಸರಿಲ್ಲವೆಂದು ಓಣಿಗೆಲ್ಲ ಪೇಢೆ ಹಂಚಿದ ಮನೆ ನಮ್ಮದೊಂದೇ!

ಪ್ರತಿ ಸಲ ಊರಿಗೆ ಬಂದಾಗ ಚೀಲ ಇಳಿಸುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ಕೈ ಅಗಲಿಸಿ ನಿಲ್ಲುತ್ತಿದ್ದ. "ಹೆಸರು ಬಾಕಿ ಅದ, ವೈನಿ." ಒಳಗಿದ್ದ ನಾನು ಹಿತ್ತಲ ಬಾಗಿಲಿನಿಂದ ಪಾರು. ದೊಡ್ಡ ದೊಡ್ಡ ಆಟಗಾರರು ದಾಟಲಾಗದವನನ್ನು ನಾನು ದಾಟಿದ್ದೇನೆ, ಮಕ್ಕಳೇ.

ಹೊರದೇಶದಲ್ಲಿ ಆ ದೊಡ್ಡ ಪಂದ್ಯ ನಡೆದ ಮಧ್ಯಾಹ್ನ ನಮ್ಮ ಪಡಸಾಲೆಯ ಟಿ.ವಿ. ಮುಂದೆ ಓಣಿಯೇ ಕೂತಿತ್ತು. ನಮ್ಮವರು ಒಂದು ಗೋಲು ಮುಂದೆ. ಆಟ ಮುಗಿಯಲು ಎರಡೇ ನಿಮಿಷ. ಅಷ್ಟರಲ್ಲಿ ಎದುರಿನವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಂದರೆ ಗೋಲಿನ ಎದುರಿನಿಂದ ಗುಂಡಿನಂಥ ಹೊಡೆತ. ಹೊಡೆಯುವವನ ಮೇಲೆಯೇ ನಮ್ಮವನೊಬ್ಬ ಓಡಬೇಕು. ಆ ಒಬ್ಬ ಯಾವಾಗಲೂ ಇವನೇ. ನಿಮ್ಮ ಮುತ್ಯಾ ನನಗೆ ನಿಯಮ ಹೇಳಿಕೊಟ್ಟಿದ್ದರು: ಹತ್ತಿರ ಹೋದವನ ಮೊಣಕಾಲಿನ ಕೆಳಗೆ ಚೆಂಡು ಬಡಿದರೆ ಅವರಿಗೆ ಮತ್ತೊಂದು ಕಾರ್ನರ್. ಮೊಣಕಾಲಿಗೋ ಅದರ ಮೇಲಕ್ಕೋ ಬಡಿದರೆ ಚೆಂಡು ನಮಗೆ, ಆಟ ನಮ್ಮದು.

ಅವನು ಓಡಿದ. ಚೆಂಡು ಬಡಿಯಿತು. ಎರಡೂ ಕೈಯಲ್ಲಿ ಕಾಲು ಹಿಡಿದು ಬಿದ್ದ.

ಕರೆಂಟು ಹೋಯಿತು!

"ಮೊಣಕಾಲಿಗೋ, ಕೆಳಗೋ?" ಮಾವ ಕೇಳಿದರು.

"ಮೊಣಕಾಲಿಗೇ ಅಪ್ಪಾ, ನಾ ನೋಡೀನಿ," ಎಂದರು ನಿಮ್ಮ ಮುತ್ಯಾ. ಪಡಸಾಲೆಯೆಲ್ಲ ಉಸಿರು ಬಿಟ್ಟಿತು. ಮೂಲೆಯಲ್ಲಿದ್ದ ಅತ್ತೆ ಮಾತ್ರ ಎದ್ದು ನಿಂತರು.

"ನಿಮ್ಮ ಆಟಕ್ಕ ಬೆಂಕಿ ಹಚ್ರಿ. ಮೊಣಕಾಲಿನ ಕೆಳಗ ಪ್ಯಾಡ್ ಕಟ್ಟಿರ್ತಾನ. ಪೆಟ್ಟು ಕೆಳಗೇ ಬಿದ್ದಿರ್ಲಿ."

ಮನೆ ಎರಡಾಯಿತು. ಗಂಡಸರೆಲ್ಲ ಮೊಣಕಾಲಿನ ಕಡೆ, ನಾನೂ ಅತ್ತೆಯೂ ಕೆಳಗಿನ ಕಡೆ. ದೇಶ ಸೋತರೂ ಸೋಲಲಿ ಎಂದು ಬೇಡಿಕೊಂಡ ಪಾಪ ನನಗಿರಲಿ. ಮೊಣಕಾಲು ಉಳಿದರೆ ಅವನು ಬಂದ ದಿನವೇ ಹೊಸ್ತಿಲಲ್ಲಿ ನಿಂತು ಹೆಸರು ಹೇಳುತ್ತೇನೆಂದು ಹರಕೆ ಹೊತ್ತೆ. ಎರಡು ತಾಸಾದರೂ ಕರೆಂಟಿಲ್ಲ. ನಿಮ್ಮ ಮುತ್ಯಾ ಕಿರಾಣಿ ಅಂಗಡಿಯ ಫೋನಿಗೆ ಓಡಿದರು, ಮೆಲ್ಲಗೆ ನಡೆದುಕೊಂಡು ಬಂದರು. ಮತ್ತೆ ಕಾರ್ನರ್ ಕೊಡಲಿಲ್ಲವಂತೆ, ಗೆದ್ದೆವಂತೆ.

ಎಲ್ಲಿ ಬಡಿಯಿತೆಂದು ಯಾರೂ ಕೇಳಲಿಲ್ಲ.

ಮರುದಿನ ಪೇಪರಿನಲ್ಲಿ ಗೋಲು ಹೊಡೆದವನ ಫೋಟೊ ಇತ್ತು. ಇವನ ಹೆಸರಿರಲಿಲ್ಲ. ಮಾವ ಪೇಢೆ ತಂದರು, ಹಂಚಲು ಮರೆತರು. ಕೋಲೂರಿ ಮನೆಗೆ ಬಂದವನು ಮುಂದೆ ದೇಶದ ಅಂಗಿ ತೊಡಲಿಲ್ಲ. ಮೊಣಕಾಲು ಉಳಿಯಲಿಲ್ಲವಲ್ಲ, ಹರಕೆ ತೀರಿಸುವ ಮಾತೇ ಬರಲಿಲ್ಲ ಎಂದು ನಾನು ತಪ್ಪಿಸಿಕೊಂಡೆ. ನೋಡಿ ನನ್ನ ಜಾಣತನ!

ನಿಮ್ಮ ಮುತ್ಯಾ ಹೋಗಿ ನಾಲ್ಕು ವರ್ಷವಾಯಿತು. ಅಂದಿನಿಂದ ಮೈದುನ ಬಾಕಿ ಕೇಳುವುದನ್ನು ಬಿಟ್ಟಿದ್ದ.

ಹೋದ ತಿಂಗಳು ಅವನ ಮಗ ಮದುವೆಯಾಗಿ ಸೊಸೆಯನ್ನು ಕರೆತಂದನಲ್ಲ, ಆಗ ನೀವೆಲ್ಲ ಅಂಗಳದಲ್ಲಿದ್ದಿರಿ. ಒಳಗೆ ನಡೆದದ್ದು ನಿಮಗೆ ಗೊತ್ತಿಲ್ಲ. ಗಂಡನಿಲ್ಲದವಳು ಎದುರು ಬರಬಾರದೆಂದು ನನಗೆ ಯಾರೂ ಅಂದಿರಲಿಲ್ಲ. ನಾನೇ ಅಂದುಕೊಂಡೆ. ಆರತಿ ತಟ್ಟೆ ಅಣಿಮಾಡಿ ಪಡಸಾಲೆಯಲ್ಲಿಟ್ಟು ಅಡುಗೆಮನೆಯತ್ತ ಸರಿದೆ. ಬಾಗಿಲಲ್ಲಿ ಅವನು ನಿಂತಿದ್ದ, ಎರಡೂ ಕೈ ಅಗಲಿಸಿ, ಸರಿಯಾಗಿ ಬಗ್ಗದ ಆ ಮೊಣಕಾಲನ್ನೂ ಬಗ್ಗಿಸಿ. ಹಿತ್ತಲ ಬಾಗಿಲು ಅವನ ಬೆನ್ನ ಹಿಂದಿತ್ತು.

"ಒಳಗ ಹೋಗಬೇಕಂದ್ರ ಹೆಸರು ಹೇಳಿ ಹೋಗ್ರಿ, ವೈನಿ. ಇಲ್ಲಾಂದ್ರ ಹೊರಗ ನಡೀರಿ. ಸೊಸಿಗಿ ಆರತಿ ನೀವೇ ಬೆಳಗಬೇಕು."

ಕಾಲು ನೋಯುತ್ತದೆ, ಪಕ್ಕಕ್ಕೆ ಸರಿ ಎಂದೆ. ಸರಿಯಲಿಲ್ಲ. ಹೊರಗೆ ಆ ಹುಡುಗಿ ಹೊಸ್ತಿಲಾಚೆ ಕಾಯುತ್ತಿದ್ದಳು.

ಹೇಳಿದೆ. ಒಡಪಿಲ್ಲ, ಬೆಳ್ಳಿಯ ಬಟ್ಟಲಿಲ್ಲ, ಬರೀ ಹೆಸರು. ನಿಮಗೆ ಗೊತ್ತಿರುವ ಹೆಸರೇ. ಇಲ್ಲಿ ಬರೆಯಲು ಈಗಲೂ ನಾಚಿಕೆ.

ಅಣ್ಣನ ಹೆಸರು ಕೇಳಿ ಅವನ ಕೈಗಳು ತಾವಾಗಿ ಕೆಳಗಿಳಿದವು. ಗೋಡೆ ಹಿಡಿದು ಪಕ್ಕಕ್ಕೆ ಸರಿದ. ಅಡುಗೆಮನೆಯ ದಾರಿ ತೆರೆದಿತ್ತು. ನಾನು ತಿರುಗಿ ಆರತಿ ತಟ್ಟೆ ಎತ್ತಿಕೊಂಡೆ.