ನಲವತ್ತಕ್ಕೆ ಬೆಳೆಯತೊಡಗಿದ ಗುಮಾಸ್ತ

ಕೆಲವರ ಬೆನ್ನಿಗೆ ಶನಿ ಬೀಳುತ್ತಾನೆ. ನನ್ನ ಬೆನ್ನಿಗೆ ಬಿದ್ದದ್ದು ಸಂಶಯ. ನಾನು ಯಾರ ಮೇಲಾದರೂ ಸಂಶಯಪಟ್ಟರೆ ಸಾಕು, ಅದು ಊರೆಲ್ಲ ಸುತ್ತಾಡಿ ಕೊನೆಗೆ ನನ್ನ ಮನೆಯ ಬಾಗಿಲನ್ನೇ ಬಡಿಯುತ್ತದೆ. ಒಂದೆರಡು ಸಲ ಆದರೆ ಗ್ರಹಚಾರ ಎನ್ನಬಹುದು. ನನಗೆ ಐದಾರು ವರ್ಷ ಬಿಡದೆ ಹೀಗೇ ಆಯಿತು.

ಮದ್ರಾಸ್ ಸರ್ಕಾರದ ಕಾಲ. ಹೊಸಪೇಟೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ಗುಮಾಸ್ತ. ಹೊಲ ಮಾರುವವನು, ಮನೆ ಬರೆದುಕೊಡುವವನು ಬಂದರೆ ಅವನು ನಿಜವಾಗಿ ಅವನೇ ಹೌದೋ ಅಲ್ಲವೋ ನೋಡಿ, ಸಾಕ್ಷಿ ಕೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನ್ನ ಕೆಲಸ. ಸತ್ತವರ ಹೆಸರಿನಲ್ಲಿ ಬದುಕಿದ್ದವರು ಬರುತ್ತಿದ್ದರು. ಅಣ್ಣನ ಹೆಸರಿನಲ್ಲಿ ತಮ್ಮ ಬರುತ್ತಿದ್ದ. ಹಾಗಾಗಿ ಸಂಶಯಪಡುವುದಕ್ಕೇ ನನಗೆ ಸಂಬಳ. ಮನೆಗೆ ಬಂದ ಮೇಲೂ ಆ ಚಟ ಬಿಡುತ್ತಿರಲಿಲ್ಲ.

೧. ಮೂವರು ಚಪ್ಪಲಿಯವರ ಒಳಸಂಚು

ಮೊದಲು ಕೈಕೊಟ್ಟದ್ದು ಚಪ್ಪಲಿ. ಊರಿಗೆ ಅಂಟಿಕೊಂಡ ಚಿತ್ತವಾಡ್ಗಿಯಲ್ಲಿ ಚಪ್ಪಲಿ ಹೊಲಿಯುವ ಮುದುಕನೊಬ್ಬನಿದ್ದ. ನಮ್ಮ ಅಪ್ಪನ ಕಾಲದಿಂದ ಅವನದೇ ಚಪ್ಪಲಿ. ಆ ವರ್ಷ ಯುಗಾದಿಗೆ ಹೊಲಿಸಿದ್ದು ದಸರೆಗೆ ಕಚ್ಚತೊಡಗಿತು.

"ಏನಪಾ, ತೊಗಲು ಉಳಿಸಾಕ ಹತ್ತಿಯೇನು?" ಎಂದೆ.

ಅವನು ನನ್ನ ಪಾದ ಹಿಡಿದು, ಬೆರಳಿನ ಗೇಣು ಹಾಕಿ, ಮತ್ತೊಮ್ಮೆ ಹಾಕಿ, "ಚಪ್ಪಲಿ ಸಣ್ಣದಾಗಿಲ್ಲ ಬುದ್ಧಿ. ಕಾಲು ದೊಡ್ಡದಾಗೈತಿ" ಎಂದ.

"ನಲವತ್ತು ವರ್ಷಕ್ಕ ಯಾರ ಕಾಲು ಬೆಳೀತಾವಲೇ?"

"ಅದ ನನಗೂ ತಿಳೀವಲ್ದು."

ಕಳ್ಳ ಎಂದು ತೀರ್ಮಾನಿಸಿ ಇನ್ನೊಬ್ಬನ ಹತ್ತಿರ ಹೋದೆ. ಅವನ ಚಪ್ಪಲಿಯೂ ಎಂಟು ತಿಂಗಳಿಗೆ ಬಿಗಿಯಾಯಿತು. ಮೂರನೆಯವನಿಗೆ ಮೊದಲೇ ತಾಕೀತು ಮಾಡಿ, ಪಾದವನ್ನು ಕಾಗದದ ಮೇಲೆ ಇಡಿಸಿ, ಸುತ್ತ ಗೀಟು ಹಾಕಿಸಿ, ಕೆಳಗೆ ಇಬ್ಬರ ಸಾಕ್ಷಿ ರುಜು ಮಾಡಿಸಿದೆ. ಮುಂದಿನ ವರ್ಷ ಆ ಕಾಗದವನ್ನೇ ತೆಗೆದುಕೊಂಡು ಹೋಗಿ ಕಾಲಿಟ್ಟರೆ ಬೆರಳು ಗೀಟಿನ ಹೊರಗೆ! ಕಾಗದವೂ ಇವನ ಕಡೆಯೇ ಸೇರಿತೆಂದು ನಾನು ಕೂಗಾಡಿದೆ.

ಅವನು ಉಳಿಯನ್ನು ಕೆಳಗಿಟ್ಟು ಕೈ ಮುಗಿದ. "ನೀವು ಹಿಂಗ ತ್ರಾಸು ತಗೊಂಡು ಬರಬ್ಯಾಡ್ರಿ. ಬೆಳೆಯೂದು ಮುಗದ ಮ್ಯಾಲೆ ಹೇಳಿ ಕಳಸ್ರಿ, ನಾನ ಮನಿಗೆ ಬರ್ತೀನಿ."

೨. ಕಂಪ್ಲಿಯ ಉಂಗುರ

ನನ್ನ ಮಾವನವರದು ಕಂಪ್ಲಿ. ಭತ್ತದ ಗದ್ದೆ, ಅಕ್ಕಿ ಗಿರಣಿ ಇದ್ದ ಮನೆ. ಮದುವೆಯಲ್ಲಿ ಅವರು ಹಾಕಿದ ಉಂಗುರ ನನ್ನ ಬೆರಳಿನಲ್ಲಿ ಹೂತುಹೋಗಿ, ಎಣ್ಣೆಗೂ ಬಾರದೆ, ಸಾಬೂನಿಗೂ ಬಾರದೆ, ಕೊನೆಗೆ ಕಚೇರಿಯ ಎದುರಿನ ಅಕ್ಕಸಾಲಿಗನಿಂದ ಕೊಯ್ಯಿಸಿ ತೆಗೆಸಿದೆ. ಅವನೇ ಮತ್ತೆ ಕೂಡಿಸಿಕೊಟ್ಟ. ಮನೆಯಾಕೆಗೆ ಹೇಳದೆ ಪೆಟ್ಟಿಗೆಯಲ್ಲಿಟ್ಟೆ. ಹೇಳಿದ್ದರೆ ಚೆನ್ನಾಗಿತ್ತು.

ಒಂದು ದಿನ ಅವಳಿಗೆ ಸಿಕ್ಕಿತು. ನನ್ನ ಬೆರಳಿಗೆ ಹಾಕಲು ನೋಡಿದಳು. ಮೊದಲ ಗೆಣ್ಣು ದಾಟಲಿಲ್ಲ. ಕಿರುಬೆರಳಿಗೂ ಇಳಿಯಲಿಲ್ಲ.

"ಇದು ನಿಮ್ಮ ಉಂಗುರ ಅಲ್ಲ."

"ನಂದೇ."

"ನಿಮ್ಮದಾಗಿದ್ರ ನಿಮಗ ಹಿಡೀತಿತ್ತು. ಇದು ಯಾರ ಬೆರಳಿಂದು ಹೇಳ್ರಿ."

ಆ ವೇಳೆಗಾಗಲೇ ನನ್ನ ಧ್ವನಿಯೂ ಒಡೆದು ಕೊಡದೊಳಗಿಂದ ಬಂದಂತಾಗಿತ್ತು. ನಾನು ಎಷ್ಟು ಮೆತ್ತಗೆ ಮಾತಾಡಿದರೂ ಜಗಳಕ್ಕೆ ನಿಂತಂತೆ ಕೇಳುತ್ತಿತ್ತು. ಓಣಿಯವರೆಲ್ಲ ಬಾಗಿಲಿಗೆ ಬಂದರು. ಅವಳು ನೆಟ್ಟಗೆ ಕಂಪ್ಲಿಗೆ ಹೋಗಿ ಅಪ್ಪನಿಗೆ ದೂರು ಹೇಳಿದಳು. ನಾನು ಹಿಂದೆಯೇ ಹೋದೆ, ಅಪರಾಧಿಯ ಹಾಗೆ.

ಮಾವನವರು ಉಂಗುರವನ್ನು ನೋಡಿದರು, ನನ್ನ ಕೈಯನ್ನು ನೋಡಿದರು, ಮತ್ತೆ ಉಂಗುರ. ಒಳಗೆ ಕೂತಿದ್ದ ಅತ್ತೆಯವರಿಗೆ ಕೂಗಿ ಹೇಳಿದರು: "ಏ, ಅಳಿಯಂದ್ರಿಗೆ ತುಪ್ಪ ಕಡಿಮಿ ಮಾಡು. ಮೈಗೆ ಹತ್ತೂದು ಬಿಟ್ಟು ಬೆರಳಿಗೆ ಹತ್ತೈತಿ."

೩. ಹಂಪಿಯ ಬಾಳೆಹಣ್ಣು

ನಂತರ ತಲೆನೋವು ಬಂತು. ಹಣೆಯ ಹಿಂದೆ ಯಾರೋ ಕೂತು ಕಲ್ಲು ಕುಟ್ಟಿದ ಹಾಗೆ. ಅದರ ಜೊತೆಗೆ ಜನ ನನ್ನ ಮೇಲೆ ಎಲ್ಲೆಲ್ಲಿಂದಲೋ ಧುತ್ತೆಂದು ಎರಗತೊಡಗಿದರು. ಬೀದಿಯಲ್ಲಿ ಎದುರಿಗೆ ಯಾರೂ ಇರುತ್ತಿರಲಿಲ್ಲ. ಮರುಗಳಿಗೆಗೆ ಭುಜಕ್ಕೆ ಭುಜ ಬಡಿಯುತ್ತಿತ್ತು. "ಕಣ್ಣು ಕಾಣಲ್ಲೇನು?" ಎಂದು ಅವರೇ ನನ್ನನ್ನು ಬೈಯುತ್ತಿದ್ದರು. ಬೇಕೆಂದೇ ಹೀಗೆ ಮಾಡುತ್ತಿದ್ದಾರೆ, ನನ್ನನ್ನು ಕಂಡರೆ ಊರಿಗೇ ಆಗದು ಎಂದುಕೊಂಡೆ. ನಮಸ್ಕಾರ ಮಾಡಿದರೂ ತಿರುಗಿ ನೋಡದ ಸೊಕ್ಕಿನವನು ನಾನು ಎಂದು ಊರವರು ಅಂದುಕೊಂಡಿದ್ದರು.

ಒಂದು ಸೋಮವಾರ ಹಂಪಿಯ ಗುಡಿಗೆ ಹೋಗಿದ್ದೆ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕಾಯಿ, ಎರಡು ಬಾಳೆಹಣ್ಣು. ಕಣ್ಣು ಮುಚ್ಚಿರಲಿಲ್ಲ, ದೇವರ ಸಾಕ್ಷಿ. ಆದರೂ ನೋಡುತ್ತಿದ್ದ ಹಾಗೆಯೇ ಹಣ್ಣು ಮಾಯ. ಬಲಕ್ಕೆ ತಿರುಗಿದೆ. ನಾಮ ಹಾಕಿಕೊಂಡ, ಕರಿ ಕೋಟಿನ ವಕೀಲರೊಬ್ಬರು ನಿಂತಿದ್ದರು. ನಮ್ಮ ಕಚೇರಿಗೆ ಆಗಾಗ ಬರುವವರೇ.

"ವಕೀಲರ, ಹಣ್ಣು ಎಲ್ಲಿ?" ಎಂದೆ, ನನ್ನ ಆ ಕೊಡದ ಧ್ವನಿಯಲ್ಲಿ. ಗುಡಿಯಲ್ಲೆಲ್ಲ ಮೊಳಗಿತು. ಮಂಗಳಾರತಿಯ ಗಂಟೆ ನಿಂತಿತು.

ವಕೀಲರಿಗೆ ಸಿಟ್ಟು ಬರಲಿಲ್ಲ. ನನ್ನ ಭುಜ ಹಿಡಿದು ನಿಧಾನವಾಗಿ ಎಡಕ್ಕೆ ತಿರುಗಿಸಿದರು. ಮಾರು ದೂರದ ಕಟ್ಟೆಯ ಮೇಲೆ ಕೆಂಪು ಮುಸುಡಿಯ ದೊಡ್ಡ ಕೋತಿಯೊಂದು ಕೂತು ಸಿಪ್ಪೆ ಸುಲಿಯುತ್ತಿತ್ತು.

"ಆಸಾಮಿ ಖುದ್ದು ಹಾಜರಿದ್ದಾನೆ. ಬೇಕಾದ್ರ ಹೆಬ್ಬೆಟ್ಟು ಒತ್ತಿಸಿಕೊಳ್ರಿ" ಎಂದರು.

೪. ಸಂಡೂರಿನ ಸೋದರಮಾವ

ಸಂಡೂರಿನಲ್ಲಿ ನನ್ನ ಸೋದರಮಾವನ ಮೊಮ್ಮಗಳ ಮದುವೆ. ಏಳೆಂಟು ವರ್ಷದಿಂದ ನಾನು ಆ ಕಡೆ ಹೋಗಿರಲಿಲ್ಲ. ಗುಡ್ಡದ ದಾರಿ ದಾಟಿ ಗಾಡಿಯಿಂದ ಇಳಿದೆವು. ಹೆಂಡತಿ ಹೆಂಗಸರ ಕಡೆ ಹೋದಳು, ನಾನು ಚಪ್ಪರದ ಬಾಗಿಲಿಗೆ ಬಂದು ಮಾವನಿಗೆ ನಮಸ್ಕರಿಸಿದೆ. ಮಾವ ಎಂಬತ್ತರ ಮುದುಕ; ಕಣ್ಣು ಮಾತ್ರ ಗಿಡುಗನದು.

"ಯಾರು ನೀವು?"

"ನಾನು ಮಾವ, ಹೊಸಪೇಟಿ ಅಳಿಯ."

ಆತ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಆಗ ನನ್ನ ಹುಬ್ಬು ಮುಂದೆ ಬಂದಿತ್ತು, ಮೂಗು ಅಗಲವಾಗಿತ್ತು, ಗದ್ದ ಉದ್ದವಾಗಿ ಕೆಳಹಲ್ಲು ಮೇಲುಹಲ್ಲನ್ನು ದಾಟಿತ್ತು. ಆದರೆ ನನ್ನ ಮುಖ ನನಗೆ ಹೇಗೆ ಗೊತ್ತಾಗಬೇಕು? ಕನ್ನಡಿಯಲ್ಲಿ ನಾನು ದಿನಾ ನೋಡುವವನು; ಗಡ್ಡ ಕೆರೆಯುವ ಕ್ಷೌರಿಕ, ಅವನೂ ದಿನಾ ನೋಡುವವನೇ.

"ನನ್ನ ಅಳಿಯನ ಮೂಗು ಇಂಥಾದ್ದಲ್ಲ" ಎಂದ ಮಾವ. "ಸಣ್ಣವಿದ್ದಾಗ ನಮ್ಮ ಮನ್ಯಾಗ ಯಾವ ಗಡಿಗಿ ಒಡದಿ, ಹೇಳು ನೋಡೋಣು."

ನನಗೆ ಒಳಗೊಳಗೇ ಹೆಮ್ಮೆಯಾಯಿತು. ಸುಳ್ಳು ಸಾಕ್ಷಿಗೆ ನಾನು ಕಚೇರಿಯಲ್ಲಿ ಒಡ್ಡುವ ಬಲೆಯೂ ಇದೇ. "ಗಡಿಗಿ ಒಡದಿಲ್ಲ ಮಾವ. ಬೆಲ್ಲ ಕದ್ದೆ. ನೀವು ಕಂಬಕ್ಕ ಕಟ್ಟಿಹಾಕಿದ್ರಿ."

"ಇದನ್ನ ಯಾರೋ ಚಲೋ ಕಲಿಸಿ ಕಳಿಸ್ಯಾರ" ಎಂದು ಮಾವ ಜನರ ಕಡೆ ತಿರುಗಿದ. ಇಬ್ಬರು ನನ್ನ ತೋಳು ಹಿಡಿದರು. ಗಲಾಟೆ ಕೇಳಿ ಹೆಂಡತಿ ಓಡಿಬಂದಳು.

"ಮಾವಾರ, ಇವರು ಅವರ ಅದಾರ್ರಿ! ನಾ ದಿನಾ ನೋಡ್ತೀನಿ, ಮಾರಿ ಏನೂ ಬದಲಾಗಿಲ್ಲ."

ಮಾವ ಅವಳ ತಲೆಯ ಮೇಲೆ ಕೈ ಇಟ್ಟು ಕನಿಕರದಿಂದ ಹೇಳಿದ: "ದಿನಾ ನೋಡಿದ್ದಕ್ಕ ನಿನಗ ತಿಳದಿಲ್ಲವ್ವಾ. ಯಾರೋ ದಿನಕ್ಕೊಂದೀಟು ಬದಲಿ ಮಾಡ್ಯಾರ."

೫. ಕಡಲೆಕಾಳು

ಚಪ್ಪರದಲ್ಲಿ ಎಲ್ಲರೂ ನಕ್ಕರು. ಮರಳಿ ಬರುವಾಗ ಗಾಡಿಯಲ್ಲಿ ನನ್ನ ಹೆಂಡತಿ ನಗಲಿಲ್ಲ. ಮನೆಗೆ ಬಂದವಳೇ ನಮ್ಮ ಮದುವೆಯ ಹೊಸದರಲ್ಲಿ ಬಳ್ಳಾರಿಯಲ್ಲಿ ತೆಗೆಸಿದ್ದ ಪಟವನ್ನು ಗೋಡೆಯಿಂದ ಇಳಿಸಿ, ಸೆರಗಿನಿಂದ ಒರೆಸಿ, ನನ್ನ ಪಕ್ಕದಲ್ಲಿ ಹಿಡಿದಳು. ಮರುದಿನ ಬೆಳಿಗ್ಗೆ ನನ್ನನ್ನು ಸರ್ಕಾರಿ ದವಾಖಾನೆಗೆ ಎಳೆದುಕೊಂಡು ಹೋದಳು.

ಅಲ್ಲಿಗೆ ಹೊಸದಾಗಿ ಮಂಗಳೂರು ಕಡೆಯ ಡಾಕ್ಟರೊಬ್ಬರು ಬಂದಿದ್ದರು. ಚಿಕ್ಕ ವಯಸ್ಸು, ಪುಸ್ತಕದಂಥ ಕನ್ನಡ. ನಾಡಿ ಹಿಡಿಯಲಿಲ್ಲ, ನಾಲಿಗೆ ನೋಡಲಿಲ್ಲ. ಪಟವನ್ನೂ ನನ್ನನ್ನೂ ನೋಡಿ, ಚಪ್ಪಲಿ ಎಷ್ಟು ಸಲ ಬದಲಿಸಿದಿರಿ, ಟೊಪ್ಪಿಗೆ ಸರಿಯಾಗಿ ಕೂರುತ್ತದೆಯೇ, ಉಂಗುರ ಎಲ್ಲಿ ಎಂದು ಕೇಳಿದರು. ಯಾರೋ ಇವರಿಗೆ ನನ್ನ ಮನೆಯ ಗುಟ್ಟನ್ನೆಲ್ಲ ತಲುಪಿಸಿದ್ದಾರೆ! ಹೆಂಡತಿಯ ಕಡೆ ಕೆಂಗಣ್ಣು ಬಿಟ್ಟೆ.

ಡಾಕ್ಟರು ನನ್ನ ಎದುರು ಕೂತರು. "ನನ್ನ ಮೂಗನ್ನೇ ನೋಡಿ. ಈಗ ಎಷ್ಟು ಬೆರಳು ತೋರಿಸುತ್ತಿದ್ದೇನೆ?"

ಇದು ಬಲೆ ಎಂದು ನನಗೆ ಕೂಡಲೇ ತಿಳಿಯಿತು. "ನೀವು ಬೆರಳು ತೋರಿಸೇ ಇಲ್ಲಲ್ರಿ."

ಹಿಂದೆ ನಿಂತಿದ್ದ ಹೆಂಡತಿ "ಅಯ್ಯೋ ಶಿವನೇ" ಎಂದು ಗೋಡೆ ಹಿಡಿದಳು. ಎಡಕ್ಕೂ ಬಲಕ್ಕೂ ತಿರುಗಿ ನೋಡಿದೆ. ಡಾಕ್ಟರ ಎರಡೂ ಕೈ ನನ್ನ ಎರಡೂ ಪಕ್ಕಕ್ಕೆ ಚಾಚಿದ್ದವು. ಹತ್ತೂ ಬೆರಳು ಆಡುತ್ತಿದ್ದವು. ಊರಿನವರು ಯಾರೂ ನನ್ನ ಮೇಲೆ ಎರಗಿರಲಿಲ್ಲ. ನನಗೇ ಪಕ್ಕದ ಜಗತ್ತು ಇಲ್ಲವಾಗಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ, ಪಿಟ್ಯುಟರಿ ಅಂತ ಒಂದು ಗ್ರಂಥಿ, ಕಡಲೆಕಾಳಿನಷ್ಟು. ಅದರಲ್ಲಿ ಗಡ್ಡೆ ಎದ್ದಿದೆ. ಕೈ, ಕಾಲು, ಗದ್ದ ಬೆಳೆಸುತ್ತಿರುವುದೂ ಅದೇ, ಕಣ್ಣಿನ ನರ ಒತ್ತುತ್ತಿರುವುದೂ ಅದೇ. ಹಾಗೇ ಬಿಟ್ಟರೆ ಎದುರಿನ ನೋಟವೂ ಹೋಗುತ್ತದೆ. ಮದ್ರಾಸಿಗೆ ಹೋಗಬೇಕು.

ಹೆದರಿಕೆಯಲ್ಲೂ ನನ್ನ ಚಟ ಬಿಡಲಿಲ್ಲ. "ಕಡ್ಲಿಕಾಳಷ್ಟು ಇರೋದು ನನ್ನ ಪಾದದ ಉಸಾಬರಿಗೆ ಯಾಕ ಬರ್ತದ? ಇದು ನಂಬೂ ಮಾತೇನ್ರಿ?"

"ನೀವು ಒಬ್ಬ ಗುಮಾಸ್ತರು" ಎಂದರು ಡಾಕ್ಟರು. "ಒಂದು ಕುರ್ಚಿಯಲ್ಲಿ ಕುಳಿತು ಇಡೀ ತಾಲೂಕನ್ನು ಕುಣಿಸುವುದಿಲ್ಲವೇ?"

೬. ಪಕ್ಕದ ಹಾಸಿಗೆ

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಮದ್ರಾಸಿಗೆ ಹೋದೆವು. ಹೆಂಡತಿ, ಅವಳ ತಮ್ಮ ಒಂದು ಛತ್ರದಲ್ಲಿ ಉಳಿದರು; ನಾನು ಆಸ್ಪತ್ರೆಯಲ್ಲಿ. ತಲೆಯೊಳಗಿನ ಚಿತ್ರ ತೆಗೆದರು. ಆಪರೇಷನ್ ಮಾಡಿದರೆ ಬದುಕುವ ಭರವಸೆ ಕಡಿಮೆ, ಕಿರಣ ಕೊಟ್ಟು ನೋಡೋಣ ಎಂದರು. ದಿನ ಬಿಟ್ಟು ದಿನ ದೊಡ್ಡ ಯಂತ್ರದ ಕೆಳಗೆ ಮಲಗಿಸುತ್ತಿದ್ದರು. ಯಂತ್ರದಿಂದ ಏನೂ ಬರುವುದು ಕಾಣುತ್ತಿರಲಿಲ್ಲ. ಸುಮ್ಮನೆ ಸದ್ದು ಮಾಡಿ ಕಳಿಸುತ್ತಾರೆಂದೇ ನನ್ನ ಅನುಮಾನ. ಆದರೆ ಎರಡು ತಿಂಗಳಿಗೆ ತಲೆನೋವು ಹೋಯಿತು. ಎಡಗಣ್ಣಿನ ಪಕ್ಕದ ನೋಟ ಅಷ್ಟಿಷ್ಟು ಮರಳಿತು. ಬಲದ್ದು ಬರಲೇ ಇಲ್ಲ. ಬೆಳೆದದ್ದು ಇಳಿಯಲಿಲ್ಲ, ಮತ್ತೆ ಬೆಳೆಯಲೂ ಇಲ್ಲ. ಹೊಸಪೇಟೆಗೆ ಮರಳಿ ನಿವೃತ್ತಿಯ ತನಕ ಅದೇ ಕುರ್ಚಿಯಲ್ಲಿ ಕೂತೆ. ಇದೆಲ್ಲ ಆಮೇಲಿನ ಮಾತು.

ನಾನು ಹೇಳಬೇಕೆಂದಿರುವುದು ಆಸ್ಪತ್ರೆಯಲ್ಲಿ ಎರಡನೇ ವಾರ ನಡೆದದ್ದು. ನನ್ನ ಬಲಗಡೆಯ ಹಾಸಿಗೆಗೆ ಒಬ್ಬ ಹೊಸ ರೋಗಿ ಬಂದ. ನೆಲ್ಲೂರು ಕಡೆಯ ಭತ್ತದ ವ್ಯಾಪಾರಿ. ಅವನ ಕಡೆ ತಿರುಗಿದವನು ಹಾಗೇ ಕೂತುಬಿಟ್ಟೆ. ನನ್ನದೇ ಹುಬ್ಬು, ನನ್ನದೇ ಮೂಗು, ನನ್ನದೇ ಗದ್ದ, ಮೊರದಂಥ ನನ್ನವೇ ಕೈಗಳು! ಅವನೂ ನನ್ನನ್ನು ನೋಡಿ ಎದ್ದು ಕೂತ. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡಿದೆವು. ನನ್ನ ಹೆಸರಿನಲ್ಲಿ ಯಾವ ಆಸ್ತಿ ಬರೆಸಿಕೊಳ್ಳಲು ಇವನನ್ನು ಯಾರು ತಯಾರು ಮಾಡಿದ್ದಾರೆ ಎಂದು ನಾನು ಯೋಚಿಸಿದೆ. ಅವನು ತೆಲುಗಿನಲ್ಲಿ, ನಿಮ್ಮಪ್ಪ ಎಂದಾದರೂ ನೆಲ್ಲೂರಿಗೆ ಬಂದಿದ್ದರೇ ಎಂದು ನನ್ನನ್ನು ಕೇಳಿದ. ಮಾತು ಕೈಕೈ ಮಿಲಾಯಿಸುವ ಹಂತಕ್ಕೆ ಹೋದಾಗ ನರ್ಸಮ್ಮ ಬಂದು, ಈ ರೋಗ ಬಂದವರ ಮುಖವೆಲ್ಲ ಹೀಗೇ ಒಂದೇ ತರ ಆಗುತ್ತದೆ, ಸುಮ್ಮನೆ ಮಲಗಿರಿ ಎಂದು ಇಬ್ಬರನ್ನೂ ಗದರಿಸಿದಳು.

ಮರುದಿನ ಸಂಜೆ, ನೋಡಲು ಬರುವವರ ಹೊತ್ತು. ಆಸ್ಪತ್ರೆಯವರು ಎಲ್ಲರಿಗೂ ಒಂದೇ ಬಿಳಿ ಅಂಗಿ ಕೊಟ್ಟಿದ್ದರು. ನಾನು ಚಾವಣಿ ನೋಡುತ್ತ ಮಲಗಿದ್ದೆ. ಬಲಗಡೆಯಿಂದ ನನ್ನ ಹೆಂಡತಿಯ ದನಿ ಕೇಳಿತು. ಯಾರಿಗೋ ಏನೋ ಹೇಳುತ್ತಿದ್ದಾಳೆ. ಯಾರಿಗಿರಬಹುದು ಎಂದು ಕಿವಿಗೊಟ್ಟೆ.

"ನಿಮ್ಮ ಮಾರಿ ಬದಲಾಗಿದ್ದು ನನಗ ಮೊದಲ ತಿಳದಿತ್ರಿ. ಮಾವಾರ ಮುಂದ ಸುಳ್ಳು ಹೇಳಿದೆ. ಹೆದರಿಕಿ ಆಗಿತ್ತು. ಮಾರಿಗಲ್ಲ... ಹಿಂಗ ಬದಲಾಗಿ ಬದಲಾಗಿ ಒಂದಿನ ನೀವು ಪೂರಾ ಬ್ಯಾರೆ ಮನಶ್ಯಾ ಆಗಿ ಹೋಗ್ತೀರೇನೋ ಅಂತ. ಮೂಗು ಹೆಂಗರ ಇರಲಿ, ಕಣ್ಣೊಂದು ಉಳೀಲಿ. ನೀವು ಒಬ್ಬರ ಉಳೀರಿ."

ನನ್ನ ಕಣ್ಣು ತುಂಬಿಬಂತು. ಇಷ್ಟು ವರ್ಷದಲ್ಲಿ ಅವಳು ನನಗೆ ಇಂಥ ಮಾತು ಆಡಿರಲಿಲ್ಲ. ನಾನೂ ಏನಾದರೂ ಹೇಳಬೇಕೆಂದು ದನಿ ಬಂದ ಕಡೆ ಪೂರ್ತಿ ತಿರುಗಿದೆ.

ಅವಳು ನನಗೆ ಬೆನ್ನು ಹಾಕಿ ಪಕ್ಕದ ಹಾಸಿಗೆಯ ಅಂಚಿಗೆ ಕೂತಿದ್ದಳು. ನೆಲ್ಲೂರಿನವನ ಕೈಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಿದ್ದಳು. ಅವನು ರೊಟ್ಟಿ ಮೆಲ್ಲುತ್ತ, ಒಂದಕ್ಷರ ಕನ್ನಡ ತಿಳಿಯದೆ, ಅವಳ ಪ್ರತಿ ಮಾತಿಗೂ ಭಕ್ತಿಯಿಂದ ತಲೆ ಆಡಿಸುತ್ತಿದ್ದ.

"ಏ! ನಾನು ಇಲ್ಲಿದೀನಿ!" ಎಂದು ಕೂಗಿದೆ.

ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು, ದಡಕ್ಕನೆ ಎದ್ದು ಸೆರಗು ಸರಿಮಾಡಿಕೊಂಡಳು. ವಾರ್ಡಿಗೆ ವಾರ್ಡೇ ನಗುತ್ತಿತ್ತು. ನಾನು ಮಾತ್ರ ಸಿಟ್ಟಿನಿಂದ ಕೇಳಿದೆ: "ಮದುವಿ ಆಗಿ ಇಷ್ಟು ವರ್ಷ ಆತು. ಗಂಡ ಯಾರು ಅಂತ ನಿನಗ ಒಂದೀಟೂ ಸಂಶಯ ಬರಲಿಲ್ಲೇನು?"

"ಬಂತಲ್ರಿ" ಎಂದಳು ಅವಳು. "ನಾ ಹೇಳಿದ್ದಕ್ಕೆಲ್ಲ ಹೂಂ ಅಂತ ತಲಿ ಆಡಸಾಕ ಹತ್ತಿದ್ರು, ಒಂದಕ್ಕೂ ತಿರುಗಿ ವಾದ ಮಾಡಲಿಲ್ಲ. ಆವಾಗ ಸಂಶಯ ಬಂತು. ಆದ್ರ, ಈ ಮದ್ರಾಸ್ ಔಷಧ ಭಾಳ ಚಲೋ ಹತ್ತೈತಿ ಅಂದ್ಕೊಂಡೆ."