ಗುಂಡಪ್ಪ ಮಿಸ್ತ್ರಿ ಮತ್ತು ಮೂರು ಚುಕ್ಕಿ

ಈ ಕಥೆಯನ್ನು ನಾನು ಈಗಾಗಲೇ ಆರೇಳು ಕಡೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ನನ್ನ ಪಾಲು ಸ್ವಲ್ಪ ಸ್ವಲ್ಪ ಹೆಚ್ಚುತ್ತಾ ಬಂದಿದೆ. ಮೊದಲ ಸಲ ಹೇಳುವಾಗ ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಎರಡನೆಯ ಸಲ ಸಲಹೆ ಕೊಟ್ಟಿದ್ದೆ. ಕಳೆದ ತಿಂಗಳು ಬೀದರಿನ ನಮ್ಮ ಕಾಲೇಜಿನ ಸಹೋದ್ಯೋಗಿಗಳ ಮುಂದೆ ಹೇಳುವ ಹೊತ್ತಿಗೆ ಎಲ್ಲವನ್ನೂ ನಾನೊಬ್ಬನೇ ಮಾಡಿದ್ದೆ. ಆದ್ದರಿಂದ ನಿಜವಾಗಿ ಏನು ನಡೆಯಿತೆಂದು ಖಚಿತವಾಗಿ ಹೇಳುವ ಧೈರ್ಯ ಈಗ ನನಗಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಒಬ್ಬನೇ ಸಾಕ್ಷಿಯ ಮಾತು ನಂಬಬಾರದು, ಆ ಸಾಕ್ಷಿಗೆ ಹೆಸರು ಬರುವ ಹಾಗಿದ್ದರಂತೂ ನಂಬಲೇಬಾರದು ಎಂದು ಅಲ್ಲಿ ಕಲಿಸಿ ಕಳಿಸಿದ್ದಾರೆ. ಆ ಸಾಕ್ಷಿ ನಾನೇ ಆಗಿದ್ದರೆ ಏನು ಮಾಡಬೇಕೆಂದು ಮಾತ್ರ ಪಠ್ಯಕ್ರಮದಲ್ಲಿ ಇರಲಿಲ್ಲ.

ಖಚಿತವಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಭಾಲ್ಕಿಯಲ್ಲಿ ನನ್ನ ಅಕ್ಕ ಸುಶೀಲಾ ಇದ್ದಾಳೆ. ಅವಳ ಗಂಡ ಮನೋಹರ. ನನ್ನ ಬಾಯಲ್ಲಿ ಮೊದಲಿನಿಂದಲೂ ಮಾಮಾ. ಅವರದು ಸುಟ್ಟ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ, ಅಂದರೆ ವೈಂಡಿಂಗ್ ಮಾಡುವ ಅಂಗಡಿ. ಬೋರಿನ ಮೋಟರು, ಬಾವಿಯ ಮೋಟರು, ಹಿಟ್ಟಿನ ಗಿರಣಿಯ ಮೋಟರು, ಏನು ಸುಟ್ಟರೂ ಸುತ್ತುಮುತ್ತಲಿನ ಹಳ್ಳಿಯವರು ಅಲ್ಲಿಗೇ ತರುತ್ತಿದ್ದರು. ಅಂಗಡಿ ಹಾಕಿದವರು ಮಾಮಾನ ಅಪ್ಪ ಗುಂಡಪ್ಪ ಮಿಸ್ತ್ರಿ. ಈಗ ಅವರಿಲ್ಲ. ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬಂದವನು ಗಾಡಿಯಿಂದ ಇಳಿಯುವ ಮೊದಲೇ "ಏನ್ ಸುಟ್ಟದಪಾ?" ಎಂದು ಕೇಳುವುದು ಅವರ ರೂಢಿ. ಅಕ್ಕನ ಮದುವೆಯ ಮಾತುಕತೆಗೆ ನಮ್ಮಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಹೋದಾಗಲೂ ಮೊದಲ ಪ್ರಶ್ನೆ ಅದೇ ಆಗಿತ್ತಂತೆ. ನಮ್ಮಪ್ಪ ಹೆದರಿ ಜೇಬು ಮುಟ್ಟಿ ನೋಡಿಕೊಂಡರಂತೆ. ನಾನು ಆ ದಿನ ಅಲ್ಲಿದ್ದೆನೋ ಇಲ್ಲವೋ ನೆನಪಿಲ್ಲ. ಆದರೆ ನಮ್ಮಪ್ಪನ ಮುಖ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ನೆನಪಿನ ಯೋಗ್ಯತೆ ಇಷ್ಟು.

ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡಿದರು. ಅಂಗಡಿ ಮುಖ್ಯ ರಸ್ತೆಯಿಂದ ಎದ್ದು, ಎರಡು ತಿರುವು ಒಳಗಿನ ಗಲ್ಲಿಗೆ ಹೋಯಿತು. ಗಿರಾಕಿಗಳಿಗೆ ಗೊತ್ತಿದ್ದದ್ದು ಜಾಗ, ವಿಳಾಸವಲ್ಲ. ಔರಾದ ಕಡೆಯಿಂದ ಮೋಟರು ಹೇರಿಕೊಂಡು ಬಂದವರು ಹಳೆಯ ಜಾಗದಲ್ಲಿ ಗುಂಡಿ ನೋಡಿ, ಅಂಗಡಿ ಮುಚ್ಚಿತು ಎಂದುಕೊಂಡು ಬೇರೆ ಕಡೆ ಹೋದರು. ಮುಂಗಾರಿನಲ್ಲಿ ಹೇಗೋ ನಡೆಯಿತು. ಮಾಮಾ ಒಂದು ದಿನ ಊಟಕ್ಕೆ ಕೂತಾಗ, "ಈ ಹಿಂಗಾರಿನಾಗೂ ಹಿಂಗೇ ಆದ್ರ ಕೀಲಿ ಹಾಕ್ತೇನಿ. ಬೀದರ್ ಗಂಜ್ ಬಜಾರಿನಾಗ ಬ್ಯಾಳಿ ಮಿಲ್‌ನವ್ರು ಕರೀಲತ್ತಾರ, ಅಲ್ಲೇ ಮಿಸ್ತ್ರಿ ಅಂತ ಸೇರ್ತೇನಿ" ಎಂದರು. ಪಕ್ಕದಲ್ಲಿ ಖಾಜಾಮಿಯಾ ಕೂತಿದ್ದರು. ಗುಂಡಪ್ಪ ಮಿಸ್ತ್ರಿಯ ಕಾಲದಿಂದಲೂ ಅಲ್ಲಿ ತಂತಿ ಸುತ್ತುತ್ತಿರುವ ಮನುಷ್ಯ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಅವರನ್ನು ಯಾವ ಮಿಲ್ಲಿನವರೂ ಕರೆದಿರಲಿಲ್ಲ.

ಆಗ ನಾನು ಬಾಯಿ ಹಾಕಿದೆ. ಕಾಲೇಜಿನಲ್ಲಿ ನಮಗೆ ಒಂದು ದಿನದ ಕಾರ್ಯಾಗಾರ ನಡೆದಿತ್ತು, ಜಾಲತಾಣ ಮಾಡುವುದು ಹೇಗೆ ಎಂಬ ವಿಷಯದ ಮೇಲೆ. ಊಟದ ನಂತರದ ಅವಧಿಯಲ್ಲಿ ನಾನು ನಿದ್ದೆ ಮಾಡಿದ್ದೆನಾದರೂ ಊಟದ ಮೊದಲಿನದು ನೆನಪಿತ್ತು. "ಮಾಮಾ, ಈಗ ಜನ ದಾರಿಯಲ್ಲಿ ಕೇಳೋದಿಲ್ಲ, ಫೋನಿನಲ್ಲಿ ಹುಡುಕ್ತಾರ. ಅಂಗಡಿಗೊಂದು ಜಾಲತಾಣ ಮಾಡೋಣು" ಎಂದೆ. ನಾಲ್ಕು ಪುಟ ಮಾಡಿದೆ: ಬೋರಿನ ಮೋಟರಿಗೊಂದು, ಬಾವಿಯದಕ್ಕೊಂದು, ಗಿರಣಿಯದಕ್ಕೊಂದು, ಹೊಸ ಗಲ್ಲಿಗೆ ದಾರಿ ಹೇಳುವುದೊಂದು. ಎರಡು ದಿನದಲ್ಲಿ ಎಲ್ಲ ಮುಗಿಯಿತು. ಉಳಿದದ್ದು ಪ್ರತಿ ಪುಟಕ್ಕೂ ಒಂದು ಶೀರ್ಷಿಕೆ ಬರೆಯುವುದು. ಯಾರಾದರೂ ಹುಡುಕಿದಾಗ ಫೋನಿನಲ್ಲಿ ನೀಲಿ ಅಕ್ಷರದಲ್ಲಿ ಕಾಣುತ್ತದಲ್ಲ, ಆ ಒಂದು ಸಾಲು. ನನಗೆ ಅದು ಅತ್ಯಂತ ಸುಲಭದ ಕೆಲಸ ಅನ್ನಿಸಿತು. ಶೀರ್ಷಿಕೆ ಬರೆಯುವುದನ್ನು ನಾನು ಓದಿ ಬಂದವನು. ಬೀದರಿನ ಹತ್ತಿರದ ಅಷ್ಟೂರಿನ ಸುಲ್ತಾನರ ಗೋರಿಗುಮ್ಮಟಗಳ ಮೇಲೆ ನಾನು ಬರೆದ ಪ್ರಬಂಧದ ಒಳಗೆ ಏನಿದೆಯೆಂದು ಈಗ ಹೇಳಲಾರೆ, ಆದರೆ ಶೀರ್ಷಿಕೆ ಒಂದೂವರೆ ಸಾಲು ಇತ್ತು, ನಡುವೆ ಎರಡು ಚುಕ್ಕಿ ಇತ್ತು, ಕೊನೆಗೆ 'ಒಂದು ಅವಲೋಕನ' ಇತ್ತು. ಅದೇ ಹದದಲ್ಲಿ ಬೋರಿನ ಪುಟಕ್ಕೆ 'ಕೊಳವೆಬಾವಿ ಜಲಯಂತ್ರಗಳ ಪುನಶ್ಚೇತನ: ಒಂದು ಅವಲೋಕನ' ಎಂದು ಬರೆದು ಬೀದರಿನಿಂದಲೇ ಮನೆಮಂದಿಯ ಗ್ರೂಪಿಗೆ ಕಳಿಸಿದೆ.

ನಾನು ಭಾಲ್ಕಿಗೆ ಹೋದಾಗ ಮಾಮಾ ಅದನ್ನು ಎರಡು ಸಲ ಓದಿದರು. "ಛಲೋ ಅದ. ಖರೇ, ದೇವ್ರ ಹೆಸರ ಎಲ್ಲದ? ಅಪ್ಪನ ಹೆಸರ ಎಲ್ಲದ?" ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆ ಅಂಗಡಿಯ ಬೋರ್ಡಿರಲಿ, ಲಗ್ನಪತ್ರಿಕೆಯಿರಲಿ, ಮೊದಲು ಮೇಲೆ ದೇವರು, ಆಮೇಲೆ ತೀರಿಹೋದ ಹಿರಿಯರು, ಆಮೇಲೆ ಇದ್ದ ಹಿರಿಯರು, ಆಮೇಲೆ ಜಾಗ ಉಳಿದರೆ ವಿಷಯ. ಮದುಮಗನ ಹೆಸರು ಸಿಗಬೇಕಾದರೆ ಪತ್ರಿಕೆ ತಿರುಗಿಸಬೇಕಾಗುತ್ತದೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಮದುವೆ ಯಾರದ್ದೆಂದು ಪತ್ರಿಕೆ ಬರುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಮಾಮಾ ಹೇಳಿದರು, ನಾನು ಬರೆದುಕೊಂಡೆ: 'ಶ್ರೀ ಮೈಲಾರ ಮಲ್ಲಣ್ಣ ಪ್ರಸನ್ನ, ಕೈಲಾಸವಾಸಿ ಗುಂಡಪ್ಪ ಮಿಸ್ತ್ರಿಯವರ ಆಶೀರ್ವಾದದಿಂದ ಇವರ ಸುಪುತ್ರ ಮನೋಹರ ಇವರ ಎಲ್ಲಾ ತರಹದ ಬೋರ್ ಮೋಟರ್ ವೈಂಡಿಂಗ್, ಭಾಲ್ಕಿ'. ನಾಲ್ಕೂ ಪುಟಕ್ಕೆ ಅದೇ. ಕೊನೆಗೆ ಮೋಟರಿನ ಹೆಸರು ಮಾತ್ರ ಬೇರೆ. ಶೀರ್ಷಿಕೆ ಉದ್ದವಾಯಿತು ಎಂದು ನಾನು ಎಚ್ಚರಿಸಿದೆ ಎಂದೇ ನನ್ನ ನೆನಪು. ಅಕ್ಕನ ಪ್ರಕಾರ ನಾನು "ಭಾರೀ ಆಯ್ತು ಮಾಮಾ" ಎಂದೆನಂತೆ.

ಉದ್ದದ ತೊಂದರೆ ಏನೆಂದರೆ, ಹುಡುಕಿದವರ ಫೋನಿನಲ್ಲಿ ಶೀರ್ಷಿಕೆ ಪೂರ್ತಿ ಕಾಣುವುದಿಲ್ಲ. ಐವತ್ತು ಅರವತ್ತು ಅಕ್ಷರ ದಾಟಿದರೆ ಕತ್ತರಿಸಿ ಮೂರು ಚುಕ್ಕಿ ಇಡುತ್ತಾರೆ. ಇದನ್ನು ಕಾರ್ಯಾಗಾರದಲ್ಲಿ ಊಟದ ನಂತರ ಹೇಳಿದ್ದರು. ಹೀಗಾಗಿ ನಮ್ಮ ನಾಲ್ಕು ಪುಟಗಳೂ ಲೋಕಕ್ಕೆ ಕಂಡದ್ದು ಒಂದೇ ರೀತಿ: ಶ್ರೀ ಮೈಲಾರ ಮಲ್ಲಣ್ಣ ಪ್ರಸನ್ನ, ಕೈಲಾಸವಾಸಿ ಗುಂಡಪ್ಪ ಮಿಸ್ತ್ರಿಯವರ, ಮೂರು ಚುಕ್ಕಿ. ಮೋಟರು, ವೈಂಡಿಂಗ್, ಭಾಲ್ಕಿ ಎಲ್ಲವೂ ಆ ಮೂರು ಚುಕ್ಕಿಯ ಹಿಂದೆ ಅಡಗಿದ್ದವು.

ಒಂದು ತಿಂಗಳಲ್ಲಿ ಎರಡು ಫೋನು ಬಂದವು. ಮೊದಲನೆಯವರು ಮಲ್ಲಣ್ಣನ ಪೂಜೆ ಎಷ್ಟು ಗಂಟೆಗೆಂದು ಕೇಳಿದರು. ಎರಡನೆಯದು ಕಮಠಾಣದಿಂದ. ಮಾಮಾ ಸ್ಪೀಕರ್ ಹಾಕಿದ್ದರಿಂದ ನಾವೆಲ್ಲ ಕೇಳಿದೆವು. "ಮಿಸ್ತ್ರಿಯವರು ಹೋದ್ರೇನ್ರಿ? ಈಗ ಫೋನಿನಾಗ ನೋಡ್ದೆ. ಮಣ್ಣ ಯಾವಾಗ ಅದರಿ?" ಎಂದು ಆ ಮನುಷ್ಯ ನಿಜವಾದ ದುಃಖದಲ್ಲಿ ಕೇಳಿದ. ಮಾಮಾ, ಅಪ್ಪ ಹೋಗಿ ಒಂಬತ್ತು ವರ್ಷವಾಯಿತೆಂದು ತಿಳಿಸಿದರು. ಆ ಕಡೆಯವನು, "ಅಯ್ಯೋ, ಮೋಟರ್ ತರ್ಬೇಕಂತ ಮಾಡಿದ್ನಿ. ಮಿಸ್ತ್ರಿನೇ ಇಲ್ಲಂದ ಮ್ಯಾಲ ಬಿಡ್ರಿ" ಎಂದು ಇಟ್ಟುಬಿಟ್ಟ. ತಿರುಗಿ ಹಚ್ಚಿದರೆ ಎತ್ತಲಿಲ್ಲ. ಅಪ್ಪನಿಗೆ ಗೌರವ ಕೊಡಲು ಹೋಗಿ ಅಪ್ಪನ ಅಂಗಡಿಗೇ ಸಾವಿನ ಸುದ್ದಿ ಹಚ್ಚಿದಂತಾಗಿತ್ತು. ಖಾಜಾಮಿಯಾ ತಲೆ ತಗ್ಗಿಸಿ, ಸುತ್ತಿದ್ದ ತಂತಿಯನ್ನೇ ಬಿಚ್ಚಿ ಮತ್ತೆ ಸುತ್ತಿದರು.

ಆ ದಿನದ ಮಾತುಕತೆಯ ಬಗ್ಗೆಯೇ ಈಗ ತಕರಾರು. ಶೀರ್ಷಿಕೆಯ ಮೊದಲ ಭಾಗ ತೆಗೆಯಬೇಕೆಂದು ನಾನು ಹೇಳಿದೆ, ಇದರಲ್ಲಿ ಎಲ್ಲರೂ ಒಪ್ಪುತ್ತಾರೆ, ಯಾಕೆಂದರೆ ಬೈಗುಳ ಬಿದ್ದದ್ದು ನನಗೆ. "ಅಪ್ಪನ ಹೆಸರ ತೆಗೀಬೇಕಾ? ಮೊದಲ ಕೈ ತೆಗಿ ಅದರ ಮ್ಯಾಲಿಂದ" ಎಂದು ಮಾಮಾ ಫೋನು ಕಸಿದುಕೊಂಡರು. "ಅಂವ ಇಲ್ಲದಿದ್ರ ಈ ಅಂಗಡಿ ಎಲ್ಲಿಂದ ಬರ್ತಿತ್ತು? ಕಂಪ್ಯೂಟರಿಗಿ ಜಾಗ ಸಾಲಂಗಿಲ್ಲಂತ ಅಪ್ಪಗ ಹಿಂದ ದಬ್ತೇನೇನು?" ದೇವರು ಮತ್ತು ಅಪ್ಪ ಪುಟದ ಒಳಗೆ ದೊಡ್ಡ ಅಕ್ಷರದಲ್ಲಿ, ಫೋಟೋ ಸಮೇತ ಇರುತ್ತಾರೆ, ಹೊರಗಿನ ಒಂದು ಸಾಲು ಮಾತ್ರ ಗಿರಾಕಿಯದು ಎಂದು ನಾನು ವಿವರಿಸಿದೆ. ಅವರು ಕೇಳಲಿಲ್ಲ. ಆಗ ಅಕ್ಕ, ಚಹದ ಕಪ್ಪು ಇಡುತ್ತಾ ಹೇಳಿದಳೆಂದು ಅಕ್ಕ ಹೇಳುತ್ತಾಳೆ:

"ಏನ್ರಿ, ಮಾವನೋರು ಗಿರಾಕಿ ಬಂದ ಕೂಡ್ಲೇ ಮೊದಲ ಏನ್ ಹೇಳ್ತಿದ್ರು? ತಮ್ಮ ಹೆಸರ ಹೇಳ್ತಿದ್ರೇನು?"

ಮಾಮಾ ಕಸಿದುಕೊಂಡಿದ್ದ ಫೋನನ್ನು ಕೆಳಗಿಟ್ಟರು.

"'ಏನ್ ಸುಟ್ಟದ' ಅಂತ ಕೇಳ್ತಿದ್ರು. ಅದನ್ನೇ ಬರೀರಿ. ಅವ್ರೇ ಮೊದಲ ಕುಂತಂಗ ಆಗ್ತದ."

ಬೋರಿನ ಪುಟಕ್ಕೆ 'ಬೋರ್ ಮೋಟರ್ ಸುಟ್ಟದೇನು? ಭಾಲ್ಕಿಯಲ್ಲಿ ವೈಂಡಿಂಗ್' ಎಂದಾಯಿತು. ಬಾವಿಗೆ, ಗಿರಣಿಗೆ ಅವುಗಳದೇ ಬೇರೆ ಸಾಲು. ದಾರಿಯ ಪುಟಕ್ಕೆ 'ಗುಂಡಪ್ಪ ಮಿಸ್ತ್ರಿ ಅಂಗಡಿಗೆ ಹೊಸ ದಾರಿ, ಭಾಲ್ಕಿ'. ಒಂದಕ್ಕೊಂದು ಬೇರೆ, ಚಿಕ್ಕವು, ಊರಿನ ಹೆಸರು ಸಮೇತ. ಮೂರು ಚುಕ್ಕಿ ಮಾಯವಾದವು. ಆದರೆ ಗಿರಾಕಿ ತಕ್ಷಣ ಬರಲಿಲ್ಲ. ಹೊಸ ಶೀರ್ಷಿಕೆ ಹುಡುಕುತಾಣದ ಗಮನಕ್ಕೆ ಬರಲು ಅದರದೇ ಪುರುಸೊತ್ತು ಬೇಕು. ಮಾಮಾ ದಿನಾ ನನಗೆ ಫೋನು ಮಾಡಿ "ಇನ್ನೂ ಓದಿಲ್ಲೇನು ಅದು?" ಎಂದು ಕೇಳುತ್ತಿದ್ದರು. ಮಿಲ್ಲಿನವರು ಎರಡು ಸಲ ಹೇಳಿಕಳಿಸಿದರು. ಕಡಲೆಗೆ ನೀರು ಬಿಡುವ ಹೊತ್ತು ಬಂತು.

ಆಗ ಒಂದು ಮಧ್ಯಾಹ್ನ ಔರಾದದಿಂದ ವೈಜನಾಥ ಎಂಬವರು ಟೆಂಪೋದಲ್ಲಿ ಮೋಟರು ಹಾಕಿಕೊಂಡು ನೇರವಾಗಿ ಗಲ್ಲಿಯೊಳಗೆ ಬಂದರು. ಭಾನುವಾರವಾದ್ದರಿಂದ ನಾನೂ ಅಲ್ಲಿದ್ದೆ. ಹೇಗೆ ಪತ್ತೆಯಾಯಿತೆಂದು ಮಾಮಾ ಕೇಳಿದರು. "ನನಗ ಫೋನಿನಾಗ ಬರೀಲಿಕ್ಕಿ ಬರಂಗಿಲ್ರಿ. ಫೋನಿನ ಮುಂದ ಕುಂತು, 'ಬೋರ್ ಮೋಟರ್ ಸುಟ್ಟದ' ಅಂತ ಬಾಯಿಲೇ ಅಂದೆ. ಅದು ತಿರುಗಿ ನೀಲಿ ಅಕ್ಷರದಾಗ 'ಸುಟ್ಟದೇನು?' ಅಂತ ಕೇಳ್ತು. ಹಿಂದಕ ಇಲ್ಲೇ ಒಬ್ಬ ಮುದುಕ ಹಿಂಗೇ ಕೇಳ್ತಿದ್ದ ನೋಡ್ರಿ. ಸೀದಾ ಬಂದ್ಬಿಟ್ಟೆ" ಎಂದರು. ಮಾಮಾ ಒಳಗೆ ಹೋಗಿ, ಮೂಲೆಯಲ್ಲಿದ್ದ ಅಪ್ಪನ ಸ್ಟೂಲ್ ತಂದು ಬಾಗಿಲಲ್ಲಿ ಹಾಕಿದರು. ಆ ಹಿಂಗಾರು ಮುಗಿಯುವವರೆಗೂ ಕೀಲಿಯ ಮಾತು ಮತ್ತೆ ಎತ್ತಲಿಲ್ಲ.

ಅಂಗಡಿ ಉಳಿದ ಕೂಡಲೇ ಉಳಿಸಿದವರ ಸಂಖ್ಯೆ ಹೆಚ್ಚಾಯಿತು. ಮಾಮಾ, "ಅಪ್ಪನ ಮಾತು, ನನಗೇ ಹೊಳೀತು" ಎನ್ನುತ್ತಾರೆ. ಖಾಜಾಮಿಯಾ ಎದೆ ಮುಟ್ಟಿ "ಮೈಚ್ ಬೋಲ್ಯಾ, ನಾನೇ ಹೇಳಿದ್ದು, ಮಿಸ್ತ್ರಿ ಹ್ಯಾಂಗ ಕೇಳ್ತಿದ್ರು ನನಗೇ ಗೊತ್ತು" ಎನ್ನುತ್ತಾರೆ. ನಾನು ಕಾಲೇಜಿನಲ್ಲಿ ಏನು ಹೇಳಿದೆನೆಂದು ಮೊದಲೇ ತಿಳಿಸಿದ್ದೇನೆ. ಅಕ್ಕ ಮಾತ್ರ ವಾದ ಮಾಡುವುದಿಲ್ಲ, ನಗುತ್ತಾಳೆ. ವಾದ ಮಾಡದ ಸಾಕ್ಷಿಯೇ ಹೆಚ್ಚು ಕಾಡುವುದು. ಕೊನೆಗೆ ಮೊನ್ನೆ ಕೂತು ಮನೆಮಂದಿಯ ಗ್ರೂಪಿನಲ್ಲಿ ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತಾ ಹೋದೆ. ಚಹದ ಹೊತ್ತಿನಲ್ಲಿ ಯಾರು ಏನೆಂದರೋ ಅದಕ್ಕೆ ದಾಖಲೆ ಇಲ್ಲ. ಆದರೆ ಒಂದು ಸಿಕ್ಕಿತು. ನಾನು ಬೀದರಿನಲ್ಲಿ ಕೂತು ಮೊಟ್ಟಮೊದಲ ಶೀರ್ಷಿಕೆ ಕಳಿಸಿದ ದಿನ, ಅಂದರೆ ಕಮಠಾಣದ ಫೋನಿಗೂ ಒಂದು ತಿಂಗಳು ಮೊದಲೇ, ಅದರ ಕೆಳಗೆ ಅಕ್ಕನ ಸಂದೇಶವಿದೆ: "ತಮ್ಮಾ, ಮೋಟರ್ ಸುಟ್ಟದೇನು ಅಂತ ಬರೀಬಾರ್ದಾ?" ಅದರ ಕೆಳಗೆ, ನಾಲ್ಕು ನಿಮಿಷದ ನಂತರ, ನನ್ನ ಉತ್ತರವಿದೆ. ಎರಡು ಸಲ ಪರಿಶೀಲಿಸಿದ್ದೇನೆ. ಹೆಸರು ನನ್ನದೇ, ಫೋಟೋ ನನ್ನದೇ. "ಅಕ್ಕಾ, ಅದು ಶೀರ್ಷಿಕೆ ಅಲ್ಲ. ನೀ ಸುಮ್ನಿರು, ಇದು ಓದಿದವರ ಕೆಲಸ."