ರಾಚಪ್ಪನ ತಂಬಿಗೆ ತಾರು

ಗಂಡನಾದವನು ಹಿರಿಯರ ಎದುರಿಗೆ ಹೆಂಡತಿಯನ್ನು ಮಾತಾಡಿಸಬಾರದು ಎಂಬ ಕಾಯಿದೆಯನ್ನು ಯಾವ ಪುಣ್ಯಾತ್ಮ ಮಾಡಿದನೋ ರಾಚಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಆ ಮಹಾನುಭಾವನ ಹೊಲದ ಬದುವನ್ನು ನಾಲ್ಕು ಮೊಳ ಒತ್ತಿಬಿಡುತ್ತಿದ್ದ. ಅಷ್ಟು ಸಿಟ್ಟು ಅವನಿಗೆ.

ಸಿಟ್ಟಿಗೆ ಕಾರಣವಿತ್ತು. ಹೆಂಡತಿ ದ್ರೌಪದಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಅವಳಿಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಎಂದಾಗಿತ್ತು. ಸೀಮಂತದ ಕುಬಸ ಮಾಡಿದ ದಿನದಿಂದ ಅವಳು ಒಳಕೋಣೆಯಲ್ಲಿ ಅತ್ತೆ ಅಕ್ಕನಾಗಮ್ಮನ ಮಗ್ಗುಲಲ್ಲಿ ಮಲಗತೊಡಗಿದ್ದಳು. ರಾಚಪ್ಪನ ಹಾಸಿಗೆ ಹೊರಗಿನ ಕಟ್ಟೆಗೆ ಬಂದಿತ್ತು. ಹಗಲು ಕಾಯಿದೆ, ರಾತ್ರಿ ತಾಯಿ. ಹೆಂಡತಿ ಹನ್ನೆರಡು ಹೆಜ್ಜೆಯಾಚೆಯ ಅಡಿಗೆಮನೆಯಲ್ಲೇ ಇದ್ದರೂ ಅವನ ಪಾಲಿಗೆ ಪುಣೆಯಲ್ಲಿದ್ದ ಹಾಗೆ.

ಬರೀ ಮಾತಿನ ಚಪಲವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಎರಡು ವರ್ಷದ ಹಿಂದೆ, ಹೀಗೇ ಎಂಟು ತಿಂಗಳಾಗಿದ್ದಾಗ, ಅವರ ಮೊದಲ ಕೂಸು ಹೊಟ್ಟೆಯಲ್ಲೇ ಹೊರಳಾಡುವುದನ್ನು ನಿಲ್ಲಿಸಿತ್ತು. ದ್ರೌಪದಿಗೆ ಅದು ಗೊತ್ತಾಗಿತ್ತು. ಆದರೆ ಯಾರಿಗೆ ಹೇಳುವುದು? ಅತ್ತೆ ಬಾಯಿ ಜೋರಿನವಳು, ಮಾವ ಶಾಂತಲಿಂಗಪ್ಪನ ಎದುರಿಗೆ ನಿಲ್ಲುವಂತೆಯೇ ಇಲ್ಲ, ಗಂಡ ಹೊಲದಲ್ಲಿ. ಮೂರು ದಿನ ರೊಟ್ಟಿ ಬಡಿಯುತ್ತ ಸುಮ್ಮನಿದ್ದಳು. ನಾಲ್ಕನೆಯ ದಿನ ಜ್ವರ ಏರಿ ಸೊಲ್ಲಾಪುರದ ಆಸ್ಪತ್ರೆಗೆ ಒಯ್ದಾಗ ಅಲ್ಲಿಯ ಡಾಕ್ಟರೀಣಬಾಯಿ ರಾಚಪ್ಪನನ್ನು ಕೇಳಿದಳು:

“ಕೂಸು ಎಂದಿನಿಂದ ಸುಮ್ಮಗದ?”

ತನ್ನ ಎತ್ತು ಯಾವತ್ತು ಮೇವು ಬಿಟ್ಟಿತೆಂದು ಹೊತ್ತಿನ ಸಮೇತ ಹೇಳಬಲ್ಲ ರಾಚಪ್ಪ, ಇದಕ್ಕೆ ನೆಲ ನೋಡುತ್ತ ನಿಂತ. ಕೂಸು ಉಳಿಯಲಿಲ್ಲ. ಮುಂದಿನ ಸಲ ಕೂಸು ಹೊರಳುವುದರ ಮೇಲೆ ದಿನಾ ಲಕ್ಷ್ಯ ಇಡಬೇಕು, ಕೂಸು ಸುಮ್ಮಗಾದರೆ ನಾಳೆ ನೋಡೋಣ ಎನ್ನದೆ ಅವತ್ತೇ ಕರೆತರಬೇಕು ಎಂದು ಆಕೆ ಹೇಳಿ ಕಳಿಸಿದ್ದಳು. ಆ ನಾಚಿಕೆ, ಆ ದುಃಖ ಎರಡೂ ಇನ್ನೂ ಅವನ ಎದೆ ಬಿಟ್ಟಿರಲಿಲ್ಲ. ಈ ಸಲ ಲಕ್ಷ್ಯ ಇಟ್ಟೇ ಇಡುತ್ತೇನೆ ಎಂದು ಅವನು ಗಟ್ಟಿ ಮಾಡಿಕೊಂಡಿದ್ದ. ಆದರೆ ಕೇಳಲು ಬಾಯಿ ತೆರೆಯುವಂತಿಲ್ಲವಲ್ಲ!

ಯುಕ್ತಿ ಹೊಳೆದದ್ದು ಅಕ್ಕಲಕೋಟ ರೋಡ ಸ್ಟೇಶನ್ನಿನಲ್ಲಿ. ಕುಸುಬಿ ಚೀಲ ಹಾಕಿಬರಲು ಹೋದವನು ಸ್ಟೇಶನ್ ಮಾಸ್ತರರ ಕೋಣೆಗೆ ಇಣುಕಿದ. ಮೇಜಿನ ಮೇಲೆ, ತಂತಿಯ ಮೇಲಿಂದ ಸುದ್ದಿ ತರುವ ಹಿತ್ತಾಳೆಯ ತಾರು ಯಂತ್ರ ಕಟ್ ಕಟ್ ಅಂದಿತು. ಮಾಸ್ತರರು ತಲೆಯೆತ್ತದೆ, “ಗಾಡಿ ಸೊಲ್ಲಾಪುರ ಬಿಟ್ಟದ,” ಎಂದರು. ರಾಚಪ್ಪನಿಗೆ ಮೈ ಜುಮ್ಮೆಂದಿತು. ಗಾಡಿ ಕಾಣುವುದಿಲ್ಲ, ಯಾರೂ ಯಾರನ್ನೂ ಮಾತಾಡಿಸಿಲ್ಲ, ಆದರೂ ಸುದ್ದಿ ಬಂತು!

ಮರುದಿನ ಹಿತ್ತಲ ಬಾವಿಯ ಹತ್ತಿರ, ಎರಡು ಕೊಡ ನೀರು ಸೇದುವಷ್ಟು ಹೊತ್ತಿನಲ್ಲಿ, ಗಂಡ ಹೆಂಡಿರ ಕರಾರು ಮುಗಿಯಿತು. (ಹಗ್ಗ ಜಗ್ಗುತ್ತ ಅವನು ಬಾವಿಯನ್ನು ನೋಡಿ ಮಾತಾಡಿದ, ಅವಳು ಬೇವಿನ ಗಿಡವನ್ನು ನೋಡಿ.)

“ಮಧ್ಯಾನದ ಊಟ ಆದಮ್ಯಾಲ ನಾ ಪಡಸಾಲ್ಯಾಗ ಹಗ್ಗಾ ಹೊಸಕೋತ ಕೂಡ್ತೀನಿ. ಕೂಸು ಮಿಸುಕಿದಾಗೊಮ್ಮಿ ತಂಬಿಗಿಗೆ ಬಳಿ ಬಡಿ. ಎರಡು ಸಲ. ಟಣ್ ಟಣ್.”

“ಮಂದಿ ಏನಂದಾರ್ರಿ?”

“ಮಂದಿಗೇನು ತಿಳೀತದ? ಇದು ತಾರು. ತಾರು ಎಲ್ಲಾರಿಗೂ ತಿಳಿಯಂಗಿಲ್ಲ.”

ದ್ರೌಪದಿ ಸೆರಗಿನೊಳಗೆ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಆದರೆ ಅವತ್ತೇ ಮಧ್ಯಾಹ್ನ ಒಳಗಿನಿಂದ ಮೊದಲ ತಾರು ಬಂತು. ಟಣ್ ಟಣ್. ರಾಚಪ್ಪನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಎಣಿಕೆ ತಪ್ಪಬಾರದೆಂದು ಹೊಸೆಯುತ್ತಿದ್ದ ಹಗ್ಗಕ್ಕೆ ಒಂದು ಗಂಟು ಹಾಕಿದ.

ಅಲ್ಲಿಂದ ಮುಂದೆ ರಾಚಪ್ಪನಷ್ಟು ಸುಖಿ ಆ ಊರಲ್ಲಿರಲಿಲ್ಲ. ಒಂದು ದಿನ ಹನ್ನೊಂದು ಗಂಟು, ಒಂದು ದಿನ ಹದಿಮೂರು. ಎದುರಿಗೆ ಅಪ್ಪ ಶಾಂತಲಿಂಗಪ್ಪ ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು ಕೂತಿರುತ್ತಿದ್ದ. ಅವನಿಗೆ ಕಿವಿ ಮಂದವೆಂದು ಮನೆಯವರೆಲ್ಲ ನಂಬಿದ್ದರಿಂದ ಆ ಕಡೆಯ ಭಯವಿರಲಿಲ್ಲ.

ತೊಂದರೆ ಶುರುವಾದದ್ದು ಬಾವಿಯಿಂದ. ಅಕ್ಕನಾಗಮ್ಮ ಹೊಸ ಹಗ್ಗ ಕಟ್ಟಿ ಕೊಡ ಬಿಟ್ಟಳು. ಗಂಟು ರಾಟೆಗೆ ಸಿಕ್ಕಿ ಕೊಡ ನಡುಬಾವಿಯಲ್ಲಿ ತೂಗಾಡತೊಡಗಿತು.

“ಹಗ್ಗಾ ಹೊಸಿಯಾಕ ಬರಂಗಿಲ್ಲಂದ್ರ ಬರಂಗಿಲ್ಲ ಅನ್ನು! ಪ್ಯಾಟಿಯಿಂದ ತರಸ್ತೀನಿ. ಒಕ್ಕಲಿಗರ ಮನ್ಯಾಗ ಹುಟ್ಟಿ ಇದೇನ ಕಸಬೋ ನಿಂದು?”

ರಾಚಪ್ಪ ಸುಮ್ಮನೆ ಬೈಸಿಕೊಂಡ. ಅದರಲ್ಲಿರುವುದು ನಿನ್ನ ಮೊಮ್ಮಗುವಿನ ಹದಿಮೂರು ಒದೆತ ಎಂದು ತಾಯಿಗೆ ಹೇಳುವುದು ಹೇಗೆ?

ಎರಡನೆಯ ತೊಂದರೆ ಇದಕ್ಕಿಂತ ದೊಡ್ಡದು. ಸೊಸೆ ಪಾತ್ರೆ ಬಡಿಯುತ್ತಾಳೆಂದರೆ ಅತ್ತೆಯ ಮೇಲೆ ಸಿಟ್ಟು ತೋರಿಸುತ್ತಾಳೆಂದೇ ಅರ್ಥ; ಯಾವ ಕೇರಿಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ಕೂಸು ಗಟ್ಟಿಮುಟ್ಟಾಗಿ ಬೆಳೆದಷ್ಟೂ ತಂಬಿಗೆಯ ಸದ್ದು ಹೆಚ್ಚಾಯಿತು. ತಂಬಿಗೆಯ ಸದ್ದು ಹೆಚ್ಚಿದಷ್ಟೂ ಅಕ್ಕನಾಗಮ್ಮನ ಮುಖ ಕಪ್ಪಿಟ್ಟಿತು. ಒಂದು ದಿನ ನೆರೆಮನೆಯ ನೀಲಾಬಾಯಿ ಗೋಡೆಯ ಮೇಲಿಂದ ಇಣುಕಿ, “ಏನಕ್ಕಾ, ಸೊಸಿ ಬಾಳ ಸಿಟ್ಟಿನಾಕಿ ಕಾಣಸ್ತದ. ನಮ್ಮನಿ ತನಕಾ ಕೇಳತದಲ್ಲ!” ಎಂದುಬಿಟ್ಟಳು. ಮೂವತ್ತು ವರ್ಷ ಕಾಪಾಡಿಕೊಂಡು ಬಂದ ಮಾನ ಒಂದು ತಂಬಿಗೆಯಿಂದ ಹೋಯಿತಲ್ಲ ಎಂದು ಅಕ್ಕನಾಗಮ್ಮ ನೇರ ಗಂಡನ ಮುಂದೆ ಹೋಗಿ ನಿಂತಳು.

“ಕೇಳಿದ್ರಿ? ನಿಮ್ಮ ಸೊಸಿ ದಿನಾ ಬಾಂಡೆ ಕುಟ್ಟಾಕತ್ಯಾಳ.”

“ನನಗೇನೂ ಕೇಳಸವಲ್ದು,” ಎಂದ ಶಾಂತಲಿಂಗಪ್ಪ, ಅಡಿಕೆ ಕತ್ತರಿಸುತ್ತ.

ಹೀಗೆ ಒಂಬತ್ತನೆಯ ತಿಂಗಳು ನಡೆದಿತ್ತು. ಒಂದು ಮಧ್ಯಾಹ್ನ ರಾಚಪ್ಪ ಊಟ ಮುಗಿಸಿ ಪಡಸಾಲೆಯಲ್ಲಿ ಕೂತ. ತಾರು ಬರಲಿಲ್ಲ. ಕೂಸು ಮಲಗಿರಬೇಕು ಎಂದುಕೊಂಡ. ಒಂದು ಮಾರು ಹಗ್ಗ ಹೊಸೆದ. ಸದ್ದಿಲ್ಲ. ಅವಳು ಊಟ ಮಾಡಿರಲಿಕ್ಕಿಲ್ಲ ಎಂದುಕೊಂಡ. ಇನ್ನೆರಡು ಮಾರು ಹೊಸೆದ. ಎದುರಿಗಿದ್ದ ಅಪ್ಪ ಯಾವಾಗ ಎದ್ದುಹೋದನೋ ಅವನಿಗೆ ಗೊತ್ತಾಗಲಿಲ್ಲ. ಒಂದೇ ಒಂದು ಗಂಟಿಲ್ಲದೆ ಹಗ್ಗ ನುಣ್ಣಗೆ ಬೆಳೆಯುತ್ತಿತ್ತು; ಅವನ ಕೈಯಿಂದ ಅಷ್ಟು ಚೆಂದದ ಹಗ್ಗ ಎಂದೂ ಬಂದಿರಲಿಲ್ಲ. ಅದನ್ನು ನೋಡುತ್ತ ಕೂಡಲು ಅವನಿಂದ ಆಗಲಿಲ್ಲ. ಎದ್ದು ದನದ ಕೊಟ್ಟಿಗೆಗೆ ಹೋಗಿ ಬಿಳಿ ಎತ್ತಿನ ಹಗ್ಗ ಬಿಚ್ಚಿದ.

ಕತ್ತಲುಗಟ್ಟಿದ ಮೂಲೆಯಲ್ಲಿ ಯಾರೋ ಕಂದು ಎತ್ತನ್ನು ಬಿಚ್ಚುತ್ತಿದ್ದರು. ನೋಡಿದರೆ ಅಪ್ಪ!

“ಯಾಕೋ, ಎತ್ತ ಯಾಕ ಬಿಚ್ಚೀದಿ?”

“ನೀರ ಕುಡಸಾಕ.”

“ಒಂದ ಎತ್ತಿಗೆ ಅಷ್ಟೇ?”

“ನೀ ಯಾಕ ಬಿಚ್ಚೀದಿ ಯಪ್ಪಾ?”

“ನಂದೂ ನೀರಿಗೇ.”

ಅಪ್ಪ ಮಗ ಇಬ್ಬರೂ ಒಂದೊಂದು ಎತ್ತು ಹಿಡಿದು, ದನ ನೀರು ಕುಡಿಯುವ ದೋಣಿಯನ್ನು ದಾಟಿ, ನೇರ ಬಂಡಿಯ ಹತ್ತಿರ ಬಂದು ನಿಂತರು. ಒಬ್ಬ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ನೊಗಕ್ಕೆ ಕಟ್ಟಿದರು. ಕಟ್ಟಿ ಮುಗಿದ ಮೇಲೆ ಶಾಂತಲಿಂಗಪ್ಪ ನೊಗವನ್ನೇ ನೋಡುತ್ತ ಹೇಳಿದ:

“ನಿನ್ನಿ ಹದಿನಾಕ ಆಗಿತ್ತು. ಇವತ್ತ ಒಂದೂ ಇಲ್ಲ.”

ರಾಚಪ್ಪ ಬಾಯಿ ಬಿಟ್ಟ. “ನಿನಗ ಹ್ಯಾಂಗ ಗೊತ್ತು?”

“ತಂಬಿಗಿ ಟಣ್ ಅಂದ ಕೂಡ್ಲೇ ನೀ ಗಂಟ ಹಾಕಿ ಹಲ್ಲು ಕಿಸೀತಿದ್ದಿ. ನನಗೇನು ಕಣ್ಣಿಲ್ಲೇನು?”

“ಆದ್ರ ಕಿವಿ ಕೇಳಸಂಗಿಲ್ಲ ಅಂತಿದ್ದಿ?”

“ಅದು ನಿಮ್ಮವ್ವ ಮಾತಾಡುವಾಗ.” ಮುದುಕನ ದನಿ ಇಳಿಯಿತು. “ಹ್ವಾದ ಸಲ ಮೂರ ದಿನಾ ಆ ಹುಡುಗಿ ಮಾರಿ ಸಪ್ಪಗ ಇತ್ತೋ ರಾಚ್ಯಾ. ನಾ ನೋಡಿದ್ದೆ. ಮಾವಾದಾಂವ ಹ್ಯಾಂಗ ಕೇಳ್ಲಿ ಅಂತ ಸುಮ್ಮಕ ಕೂತೆ.”

ರಾಚಪ್ಪನಿಗೆ ಅಪ್ಪನ ಕಾಲು ಹಿಡಿಯಬೇಕೆನ್ನಿಸಿತು. ಅಷ್ಟರಲ್ಲಿ ಅಕ್ಕನಾಗಮ್ಮ ಹೊರಗೆ ಬಂದಳು.

“ಅಪ್ಪ ಮಗ ಎಲ್ಲಿಗೆ ಹೊಂಟೀರಿ? ಇವತ್ತೇನು ಸಂತಿ ಅದ?”

“ತಂಬಿಗಿ ಎಲ್ಲದ?” ಎಂದ ಗಂಡ.

“ಪೆಟಾರಿಯೊಳಗಿಟ್ಟು ಕೀಲಿ ಹಾಕೀನಿ! ಮುಂಜಾನೆ ಎದ್ದ ಕೂಡ್ಲೇ ಕಸಗೊಂಡೆ. ಇನ್ನ ಅದೇನು ಕುಟ್ಟತಾಳೋ ಕುಟ್ಟಲಿ.”

ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿದರು. ತಂಬಿಗೆಯೇ ಇಲ್ಲದಿದ್ದರೆ ತಾರು ಬರುವುದೆಲ್ಲಿಂದ! ರಾಚಪ್ಪ ಗಾಲಿಗೆ ಒರಗಿ ನಗತೊಡಗಿದ. ಮುದುಕನೂ ಶಲ್ಯ ಬಾಯಿಗಿಟ್ಟುಕೊಂಡು ನಕ್ಕ. ಕಡೆಗೆ ಸ್ಟೇಶನ್ನಿನಿಂದ ಹಿಡಿದು ಬಾವಿಯ ಹಗ್ಗದ ತನಕ ಎಲ್ಲವನ್ನೂ ಹೇಳಬೇಕಾಯಿತು. ಅಕ್ಕನಾಗಮ್ಮ ಮೊದಲು ಕೆಂಡವಾದಳು. “ಮನ್ಯಾಗ ಐದ ಹಡದಾಕಿ ನಾ ಕೂತೀನಿ, ನನ್ನ ಕೇಳೂದ ಬಿಟ್ಟು ತಂಬಿಗೀನ ಕೇಳತಾರ!” ಎಂದು ಹಣೆ ಬಡಿದುಕೊಂಡಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ದ್ರೌಪದಿ ಮಾತ್ರ ನಗಲಿಲ್ಲ. ಸೆರಗನ್ನು ಹಣೆಯ ತನಕ ಎಳೆದುಕೊಂಡು ಅಂದಳು:

“ಅತ್ತೀ, ಇವತ್ತ ತಂಬಿಗಿ ಬೇಕಾಗೇ ಇಲ್ಲರಿ. ಮುಂಜಾನಿಂದ ಅದು ಸುಮ್ಮಗದ.”

ನಗು ಅಲ್ಲಿಗೇ ನಿಂತಿತು. “ನನಗ ಯಾಕ ಹೇಳಲಿಲ್ಲವ್ವಾ?” ಎಂದು ಅಕ್ಕನಾಗಮ್ಮ ಕೇಳಹೋದವಳು, ಮುಂಜಾನೆ ತಂಬಿಗೆ ಕಸಿದುಕೊಳ್ಳುವಾಗ ತಾನು ಆಡಿದ್ದ ಮಾತೆಲ್ಲ ನೆನಪಾಗಿ ಬಾಯಿ ಮುಚ್ಚಿಕೊಂಡಳು. ಕೌದಿಯೊಂದನ್ನು ತಂದು ಬಂಡಿಯಲ್ಲಿ ಹಾಸಿ, ಸೊಸೆಯನ್ನು ತೊಡೆಯ ಮೇಲೆ ಒರಗಿಸಿಕೊಂಡು ಕೂತಳು. ಎತ್ತು ಹೂಡಿ ತಯಾರಿದ್ದುದರಿಂದ ಮೂರೂವರೆಯ ರೈಲುಗಾಡಿ ಸಿಕ್ಕಿತು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಅದೇ ಡಾಕ್ಟರೀಣಬಾಯಿ ಅದೇ ಪ್ರಶ್ನೆ ಕೇಳಿದಳು. ರಾಚಪ್ಪ ಉತ್ತರಕ್ಕೆ ಸಜ್ಜಾಗಿ ಗಂಟಲು ಸರಿಮಾಡಿಕೊಂಡ. ಅವನಿಗಿಂತ ಮೊದಲು ದ್ರೌಪದಿ, ಮಾವ ಅಲ್ಲೇ ನಿಂತಿದ್ದರೂ, ತಲೆಯೆತ್ತಿ ಹೇಳಿದಳು: “ನಿನ್ನಿ ರಾತ್ರಿ ಊಟ ಆದಮ್ಯಾಲ ಎರಡು ಸಲ ಹೊರಳೇದರಿ. ಅದರ ಮ್ಯಾಲ ಇಲ್ಲ.” ಡಾಕ್ಟರೀಣಬಾಯಿ ಮರದ ಕೊಳವೆಯನ್ನು ಹೊಟ್ಟೆಗೆ ಹಚ್ಚಿ ಕಿವಿಗೊಟ್ಟಳು. ಬಹಳ ಹೊತ್ತು ಕೇಳಿದಳು.

“ಜೀವ ಅದ,” ಎಂದಳು. “ಆದ್ರ ಬಾಳ ದಣದದ. ಇನ್ನೊಂದ ದಿನ ತಡದಿದ್ರ ನನ್ನ ಕೈಲೆ ಏನೂ ಆಗತಿದ್ದಿಲ್ಲ.”

ಮರುದಿನ ಹೊತ್ತು ನೆತ್ತಿಗೇರುವಾಗ ಹೆಣ್ಣುಕೂಸು ಹುಟ್ಟಿತು. ಕೊರಳಿಗೆ ಹೊಕ್ಕಳಬಳ್ಳಿ ಎರಡು ಸುತ್ತು ಬಿದ್ದಿತ್ತು. ಮೊದಲು ಅಳಲಿಲ್ಲ; ಆಮೇಲೆ ಆಸ್ಪತ್ರೆಗೆಲ್ಲ ಕೇಳುವ ಹಾಗೆ ಅತ್ತಿತು.

ಇನ್ನು ರಾಚಪ್ಪನನ್ನು ಹಿಡಿಯುವವರು ಯಾರು? ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತ ಕೂತ ಗಂಡಸರಿಗೆಲ್ಲ ತಾರಿನ ಮಹಿಮೆಯನ್ನು ಸಾದ್ಯಂತವಾಗಿ ವರ್ಣಿಸಿದ. ಗಿರಣಿಯಲ್ಲಿ ದುಡಿಯುವ ಧೂಳಪ್ಪನೆಂಬವನು, “ಹಿತ್ತಾಳೀದೇ ಬೇಕೋ, ತಾಮ್ರದ್ದೂ ನಡೀತದೋ?” ಎಂದು ಕೇಳಿದಾಗ, ರಾಚಪ್ಪ ಮೀಸೆ ತಿರುವಿ, ವಿಚಾರ ಮಾಡಿ, “ಹಿತ್ತಾಳೀದೇ ಬರೋಬ್ಬರಿ” ಎಂದು ತೀರ್ಪು ಕೊಟ್ಟ.

ಮೂರನೆಯ ದಿನ ಒಳಗೆ ಬಿಟ್ಟರು. ತಾಯಿ ಬಿಸಿನೀರು ತರಲು ಹೋಗಿದ್ದಳು. ಕಬ್ಬಿಣದ ಮಂಚದ ಮೇಲೆ ದ್ರೌಪದಿ, ಮಗ್ಗುಲಲ್ಲಿ ಕೂಸು. ರಾಚಪ್ಪ ತನ್ನ ಕೀರ್ತಿ ಜಗಲಿಯ ತುಂಬ ಹಬ್ಬಿದ್ದನ್ನು ಹೇಳಿದ. ಅವಳು ಕೂಸಿನ ಹೊದಿಕೆ ಸರಿಮಾಡುತ್ತ ಅಂದಳು:

“ಒಂದ ಮಾತ ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ.”

“ಹೇಳು ಹೇಳು.”

“ಆ ಹದಿಮೂರು, ಹದಿನಾಕು ಎಲ್ಲಾ ಖರೇ ಇದ್ದಿದ್ದಿಲ್ಲರಿ. ಕೆಲವು ದಿನ ಅದು ಮಲಗೇ ಇರತಿತ್ತು. ಬಾಗಲ ಸಂದಿನಿಂದ ನಿಮ್ಮ ಮಾರಿ ಕಾಣತಿತ್ತು. ಇಷ್ಟೀಟ ಸಣ್ಣ ಆಗಿರತಿತ್ತು. ನೋಡಾಕ ಆಗಲಾರದ ನಾನೇ ನಾಕೈದು ಸಲ ಬಡೀತಿದ್ದೆ.”

“ಸುಳ್ಳ ತಾರು?” ಎಂದ ರಾಚಪ್ಪ.

“ನಿಮ್ಮ ಸಮಾಧಾನಕ್ಕರಿ.” ಅವಳು ಕೂಸಿನ ತಲೆ ಸವರಿದಳು. “ಅವತ್ತ ಅತ್ತಿ ತಂಬಿಗಿ ಕಸಗೊಂಡಿದ್ದಿಲ್ಲ ಅಂದ್ರ ಅವತ್ತೂ ಬಡೀತಿದ್ದೆ ಏನೋ. ನಾಳಿ ಹೊರಳೀತು ಅಂತ.”

ರಾಚಪ್ಪ ಮಂಚದ ಹತ್ತಿರ ನೆಲದ ಮೇಲೆ ಕೂತುಬಿಟ್ಟ. ಅವತ್ತಿನದಕ್ಕಿಂತ ದೊಡ್ಡ ಭಯ ಈಗ ಬಂತು. ಕೂಸನ್ನು ಉಳಿಸಿದ್ದು ಅವನ ಜಾಣತನವಲ್ಲ, ಅವ್ವನ ಸಿಟ್ಟು. ಅವನ ಜಾಣತನದ ಮೇಲೆ ಬಿಟ್ಟಿದ್ದರೆ ಈ ಮಂಚದ ಮೇಲೆ ಇವತ್ತು ದ್ರೌಪದಿ ಒಬ್ಬಳೇ ಇರುತ್ತಿದ್ದಳು. ಹೊರಗೆ ಧೂಳಪ್ಪ ಹಿತ್ತಾಳೆ ತಂಬಿಗೆ ಹುಡುಕುತ್ತ ನವಿ ಪೇಠ ಬಜಾರಕ್ಕೆ ಹೋಗಿಯೂ ಆಗಿತ್ತು.

“ಇನ್ನ ಮುಂದ ಬಾಯಿಲೆ ಹೇಳು,” ಎಂದ.

“ನೀವು ಬಾಯಿಲೆ ಕೇಳ್ರಿ ಮೊದಲ. ತಂಬಿಗಿ ಮ್ಯಾಲ ಸುಳ್ಳ ಹೇಳಾಕ ಬರತದ. ನೀವು ಎದುರಿಗೆ ಕೂತು ಕೇಳಿದ್ರ ನನಗ ಬರಂಗಿಲ್ಲ.”

ಆಗ ಬಾಗಿಲ ಸದ್ದಾಯಿತು. ಅಕ್ಕನಾಗಮ್ಮ ಬಿಸಿನೀರಿನ ಚೆಂಬು ಹಿಡಿದು ಬಂದಳು, ಹಿಂದಿನಿಂದ ಶಾಂತಲಿಂಗಪ್ಪ. ರಾಚಪ್ಪ ರೂಢಿಯಂತೆ ದಡಕ್ಕನೆ ಎದ್ದು ಗೋಡೆಯ ಕಡೆ ಮುಖ ಮಾಡಿದ. ಅರೆಗಳಿಗೆ ಗೋಡೆಯನ್ನೇ ನೋಡಿದ. ಆಮೇಲೆ ತಿರುಗಿ, ಕಿವಿ ಕೆಂಪಗಾಗಿದ್ದರೂ, ಅಪ್ಪ ಅವ್ವನ ಎದುರಿಗೇ ಮತ್ತೆ ಮಂಚದ ಹತ್ತಿರ ಕೂತ. ಮದುವೆಯಾದ ಐದು ವರ್ಷಗಳಲ್ಲಿ ಎಂದೂ ಕೇಳದೆ ಇದ್ದ ಮಾತು ಬಾಯಿಂದ ಹೊರಬಿತ್ತು:

“ನಿನಗ ಹ್ಯಾಂಗದ?”

ದ್ರೌಪದಿ ಅತ್ತೆಯನ್ನು ನೋಡಿದಳು, ಮಾವನನ್ನು ನೋಡಿದಳು, ಕಡೆಗೆ ಗಂಡನನ್ನು ನೋಡಿದಳು.

“ಹಸಿವ್ಯಾಗೇದರಿ,” ಎಂದಳು. “ಮುಂಜಾನಿಂದ. ಎಲ್ಲಾರೂ ಕೂಸಿನ್ನ ನೋಡಿ ಹ್ವಾದ್ರು, ನನ್ನ ಯಾರೂ ಕೇಳಲೇ ಇಲ್ಲ.”